ಕನ್ಫ್ಯೂಷಿಯಸ್‌ನ ಬದುಕನ್ನು ತೆರೆಗೆ ತರುವುದು: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಗತ್ತಿನ ಚಿಂತಕರನ್ನು ಕನ್ನಡದ ಪ್ರೇಕ್ಷಕರಿಗೆ ಪರಿಚಯಿಸುವ ಒಂದು ಸರಣಿಯಲ್ಲಿ ಪ್ರಾಚೀನ ಚೀನಾದ ಕನ್ಫ್ಯೂಷಿಯಸ್ ಕುರಿತ ಕಂತನ್ನು ಬರೆಯುವ ಹೊಣೆ ನನಗೆ ಬಂದಿದೆ. ಇದು ನಟರಿರುವ, ಕಥೆಯ ರೂಪದ, ಸುಮಾರು ಐವತ್ತು ನಿಮಿಷಗಳ ಚಿತ್ರ. ಮೊದಲ ಕರಡನ್ನು ಓದಿದವರೆಲ್ಲ ಇದರಲ್ಲಿ ಗಡ್ಡದ ಹಿರಿಯರೊಬ್ಬರು ಕುಳಿತು ಸೂಕ್ತಿಗಳನ್ನು ಹೇಳುತ್ತಲೇ ಇರುತ್ತಾರೆ ಎಂದರು. ಪವಾಡವಿಲ್ಲದ, ದೊಡ್ಡ ಯುದ್ಧವಿಲ್ಲದ, ಬಹುಪಾಲು ಮಾತಿನಲ್ಲೇ ನಡೆದ ಇಂಥ ಬದುಕನ್ನು ದೃಶ್ಯವಾಗಿಸುವುದು ಹೇಗೆ? ಸಂಯಮ, ಶಿಷ್ಟಾಚಾರ, ಪಿತೃಭಕ್ತಿಯಂಥ ಮೌಲ್ಯಗಳನ್ನು ಕ್ಯಾಮೆರಾದ ಮುಂದೆ ತರುವ ದಾರಿ ಯಾವುದು? ಐತಿಹಾಸಿಕ ವ್ಯಕ್ತಿಗಳ ಬಗ್ಗೆ ನಾಟಕ, ಧಾರಾವಾಹಿ, ಚಿತ್ರ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವವರೊಬ್ಬರ ಉತ್ತರ

ಕನ್ಫ್ಯೂಷಿಯಸ್‌ನ ಬದುಕಿನಲ್ಲಿ ಘಟನೆಗಳಿಗೆ ಬರವಿಲ್ಲ. ಕ್ರಿ.ಪೂ. 551ರಲ್ಲಿ ಹುಟ್ಟಿ 479ರಲ್ಲಿ ತೀರಿಕೊಂಡವನ ಇಡೀ ಆಯುಷ್ಯವನ್ನು ಐವತ್ತು ನಿಮಿಷಗಳಲ್ಲಿ ತುಂಬಲು ಹೊರಟರೆ ಪ್ರತಿ ಘಟನೆಗೂ ಒಂದೊಂದು ಸೂಕ್ತಿಯಷ್ಟೇ ಜಾಗ ಉಳಿಯುತ್ತದೆ, ನಿಮ್ಮ ಕರಡಿನಲ್ಲಿ ಆಗಿರುವುದೂ ಅದೇ ಎಂದು ತೋರುತ್ತದೆ. ಸಂತರ, ಆಚಾರ್ಯರ ಬದುಕಿನ ಕಥೆಗಳನ್ನು ಬರೆಯುವಾಗ ನಾನು ಪಾಲಿಸಿಕೊಂಡು ಬಂದ ಕ್ರಮವೆಂದರೆ, ಆ ವ್ಯಕ್ತಿ ನಂಬಿದ್ದಕ್ಕೆ ಬೆಲೆ ತೆರಬೇಕಾಗಿ ಬಂದ ಕಾಲವೊಂದನ್ನೇ ಆರಿಸಿಕೊಂಡು ಉಳಿದುದನ್ನು ಕೈಬಿಡುವುದು. ಈತನ ಮಟ್ಟಿಗೆ ಅದು ಕ್ರಿ.ಪೂ. 497ರ ಸುಮಾರಿಗೆ ತವರು ರಾಜ್ಯವಾದ ಲೂವನ್ನು ತೊರೆದು, ಶಿಷ್ಯರೊಡನೆ ರಾಜ್ಯದಿಂದ ರಾಜ್ಯಕ್ಕೆ ಅಲೆದು, 484ರಲ್ಲಿ ಮರಳುವವರೆಗಿನ ಕಾಲ.

ತೊರೆಯಲು ಕಾರಣವಾದುದು ರಾಜಕೀಯ. ಲೂ ರಾಜ್ಯದ ಅಧಿಕಾರ ದೊರೆಯ ಕೈಯಲ್ಲಿರದೆ ಮೂರು ಪ್ರಬಲ ಮನೆತನಗಳ ಕೈಯಲ್ಲಿತ್ತು. ಆ ಮನೆತನಗಳ ಕೋಟೆಗಳನ್ನು ಕೆಡವಿ ದೊರೆಯ ಅಧಿಕಾರವನ್ನು ಮರಳಿಸಲು ಕನ್ಫ್ಯೂಷಿಯಸ್ ನಡೆಸಿದ ಪ್ರಯತ್ನದಲ್ಲಿ ಎರಡು ಕೋಟೆಗಳು ಬಿದ್ದು ಮೂರನೆಯದು ಉಳಿಯಿತು. ಅನಂತರ ನೆರೆಯ ಚೀ ರಾಜ್ಯವು ನರ್ತಕಿಯರನ್ನು ಕಾಣಿಕೆಯಾಗಿ ಕಳಿಸಿತು, ಮೂರು ದಿನ ಆಸ್ಥಾನವೇ ನಡೆಯಲಿಲ್ಲ, ಕನ್ಫ್ಯೂಷಿಯಸ್ ಹೊರಟುಹೋದ ಎಂದು ಆತನ ಮಾತುಗಳ ಸಂಗ್ರಹವಾದ ಲುನ್‌ಯು ಹೇಳುತ್ತದೆ. ಇವೆಲ್ಲ ನಿಮ್ಮ ಚಿತ್ರದ ಮೊದಲ ಐದು ನಿಮಿಷಗಳಿಗೆ ಸಾಕು.

ಚಿತ್ರದ ಬೆನ್ನೆಲುಬಾಗಬೇಕಾದದ್ದು ಚೆನ್ ಮತ್ತು ತ್ಸಾಯ್ ರಾಜ್ಯಗಳ ನಡುವಿನ ಬಯಲಿನಲ್ಲಿ ಗುರುಶಿಷ್ಯರು ಸಿಕ್ಕಿಬಿದ್ದ ಪ್ರಸಂಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಧಾನ್ಯ ಮುಗಿದಿದೆ, ಶಿಷ್ಯರು ಏಳಲಾರದಷ್ಟು ಬಳಲಿದ್ದಾರೆ. ಗುರು ಮಾತ್ರ ಪಾಠ ಹೇಳುವುದನ್ನೂ ತಂತಿವಾದ್ಯ ನುಡಿಸುವುದನ್ನೂ ನಿಲ್ಲಿಸಿಲ್ಲ. ಇದನ್ನು ಕಂಡು ಶಿಷ್ಯ ಜೀಲು ಸಿಟ್ಟಿನಿಂದ ಬಂದು, ಸಜ್ಜನನಿಗೂ ಇಂಥ ಗತಿ ಬರುತ್ತದೆಯೇ ಎಂದು ಕೇಳುತ್ತಾನೆ. ಬರುತ್ತದೆ, ಆದರೆ ಸಜ್ಜನ ಕಷ್ಟದಲ್ಲಿ ಗಟ್ಟಿಯಾಗಿ ನಿಲ್ಲುತ್ತಾನೆ, ಅಲ್ಪನಾದವನು ಹದ್ದು ಮೀರುತ್ತಾನೆ ಎಂಬ ಅರ್ಥದ ಉತ್ತರ ಬರುತ್ತದೆ. ಇದೇ ಮಾತನ್ನು ಕಂಬಳಿ ಹೊದ್ದು ಬೆಚ್ಚಗೆ ಕುಳಿತವನು ಆಡಿದರೆ ಉಪದೇಶವಾಗುತ್ತದೆ, ಹಸಿದವನು ತನ್ನಿಂದಾಗಿ ಹಸಿದಿರುವ ಶಿಷ್ಯನಿಗೆ ಹೇಳಿದಾಗ ನಾಟಕವಾಗುತ್ತದೆ.

ಇತಿಹಾಸಕಾರ ಸಿಮಾ ಚಿಯಾನ್ ಈ ಪ್ರಸಂಗವನ್ನು ಇನ್ನೂ ಮುಂದಕ್ಕೆ ಬೆಳೆಸಿದ್ದಾನೆ. ಗುರು ಮೂವರು ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು, ನಾವು ಘೇಂಡಾಮೃಗಗಳೂ ಅಲ್ಲ, ಹುಲಿಗಳೂ ಅಲ್ಲ, ಆದರೂ ಈ ಕಾಡುಬಯಲಿನಲ್ಲಿದ್ದೇವೆ, ನನ್ನ ದಾರಿಯೇ ತಪ್ಪೇ ಎಂದು ಒಂದೇ ಪ್ರಶ್ನೆಯನ್ನು ಮೂವರಿಗೂ ಕೇಳುತ್ತಾನೆ. ನಮ್ಮಲ್ಲೇ ಸಾಕಷ್ಟು ಮನುಷ್ಯತ್ವವಾಗಲಿ ವಿವೇಕವಾಗಲಿ ಇಲ್ಲದಿರಬಹುದು ಎನ್ನುತ್ತಾನೆ ಜೀಲು. ವ್ಯವಹಾರ ಬಲ್ಲ ಜೀಗಾಂಗ್, ನಿಮ್ಮ ದಾರಿ ತುಂಬ ದೊಡ್ಡದು, ಅದನ್ನು ಸ್ವಲ್ಪ ತಗ್ಗಿಸಬಾರದೇ ಎನ್ನುತ್ತಾನೆ. ಬಡವನಾದ ಯಾನ್ ಹ್ವೇ, ಜಗತ್ತು ಒಪ್ಪದಿದ್ದರೆ ಅದು ನಮ್ಮನ್ನು ಬಳಸಿಕೊಳ್ಳದ ದೊರೆಗಳಿಗೆ ಅವಮಾನ ಎನ್ನುತ್ತಾನೆ. ಗುರು ನಕ್ಕು, ನಿನ್ನ ಬಳಿ ಸಂಪತ್ತಿದ್ದರೆ ನಾನೇ ನಿನ್ನ ಲೆಕ್ಕ ನೋಡಿಕೊಳ್ಳುವವನಾಗುತ್ತಿದ್ದೆ ಎಂದುಬಿಡುತ್ತಾನೆ. ಒಂದೇ ಪ್ರಶ್ನೆ, ಮೂರು ಸ್ವಭಾವ, ಹಸಿವು, ಕೊನೆಗೊಂದು ನಗು ಇಷ್ಟೂ ಇರುವ ದೃಶ್ಯ ಚಿತ್ರಕಥೆ ಬರೆಯುವವರಿಗೆ ಅಪರೂಪಕ್ಕೆ ಸಿಗುತ್ತದೆ. ಈ ಪ್ರಶ್ನೆಯನ್ನು ಗುರು ನಿಜವಾದ ಸಂಶಯದಿಂದಲೇ ಕೇಳುತ್ತಿದ್ದಾನೆ ಎಂದು ನಟನಿಗೆ ಹೇಳಿ. ಶಿಷ್ಯರನ್ನು ಪರೀಕ್ಷಿಸುವ ಧಾಟಿಯಲ್ಲಿ ಕೇಳಿದರೆ ದೃಶ್ಯದ ಜೀವ ಹೋಗುತ್ತದೆ.

ಇದಕ್ಕೂ ಮೊದಲು ಬರಬೇಕಾದ ಒಂದು ಸಣ್ಣ ದೃಶ್ಯವಿದೆ. ಕೇಳಿದ ತಕ್ಷಣ ಆಚರಣೆಗೆ ತರಬೇಕೇ ಎಂದು ಜೀಲು ಕೇಳಿದಾಗ, ಮನೆಯಲ್ಲಿ ತಂದೆ ಮತ್ತು ಅಣ್ಣ ಇದ್ದಾರಲ್ಲ, ಅವರನ್ನು ಕೇಳದೆ ಹೇಗೆ ಎನ್ನುತ್ತಾನೆ ಗುರು. ರಾನ್ ಯೂ ಅದೇ ಪ್ರಶ್ನೆ ಕೇಳಿದಾಗ, ತಕ್ಷಣ ಮಾಡು ಎನ್ನುತ್ತಾನೆ. ಗೊಂದಲಗೊಂಡ ಮೂರನೆಯ ಶಿಷ್ಯನಿಗೆ, ರಾನ್ ಯೂ ಹಿಂಜರಿಯುವವನು, ಆದ್ದರಿಂದ ಮುಂದಕ್ಕೆ ತಳ್ಳಿದೆ, ಜೀಲು ಇಬ್ಬರ ಪಾಲನ್ನೂ ತಾನೇ ಮಾಡಲು ಹೊರಡುವವನು, ಆದ್ದರಿಂದ ತಡೆದೆ ಎಂದು ವಿವರಿಸುತ್ತಾನೆ. ಆತನ ಮಾತುಗಳೆಲ್ಲ ಎದುರಿಗಿದ್ದ ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಹೇಳಿದವು ಎಂಬುದು ಪ್ರೇಕ್ಷಕರಿಗೆ ಇಲ್ಲಿಯೇ ಮನದಟ್ಟಾಗುತ್ತದೆ, ಆಮೇಲೆ ಸೂಕ್ತಿಯ ಭಾರ ತಾನಾಗಿ ಕಡಿಮೆಯಾಗುತ್ತದೆ. ಯಾವ ಮಾತನ್ನೂ ಕೇಳಿಸಿಕೊಳ್ಳುವವನ ಮುಖವಿಲ್ಲದೆ ಚಿತ್ರಿಸಬೇಡಿ.

ರಂಗನಿರ್ದೇಶಕರೊಬ್ಬರ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ಶಿಷ್ಟಾಚಾರವನ್ನು ತೋರಿಸುವುದು ಹೇಗೆಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಲುನ್‌ಯುವಿನ ಹತ್ತನೆಯ ಅಧ್ಯಾಯವನ್ನು ನಟನ ಕೈಗೆ ಕೊಡಿ. ತತ್ವ ಹುಡುಕುವವರು ಸಾಮಾನ್ಯವಾಗಿ ದಾಟಿಹೋಗುವ ಆ ಅಧ್ಯಾಯದ ಬಹುಭಾಗ ಮೈಯ ವರ್ಣನೆ. ಅರಮನೆಯ ಬಾಗಿಲನ್ನು ಹೊಗುವಾಗ ಅದು ತನಗೆ ಸಾಲದೆಂಬಂತೆ ಮೈ ಬಾಗಿಸುವುದು, ಅಂಗಿಯ ಅಂಚನ್ನು ಎತ್ತಿ ಹಿಡಿದು ಉಸಿರು ಬಿಗಿಹಿಡಿದು ಮೆಟ್ಟಿಲೇರುವುದು, ಹೊರಬಂದು ಒಂದು ಮೆಟ್ಟಿಲು ಇಳಿದ ಮೇಲೆ ಮುಖ ಸಡಿಲವಾಗುವುದು, ಚಾಪೆ ನೇರವಾಗಿರದಿದ್ದರೆ ಕುಳಿತುಕೊಳ್ಳದಿರುವುದು, ಎಲ್ಲವೂ ಅಲ್ಲಿವೆ. ನಮ್ಮ ತಾಲೀಮುಗಳಲ್ಲಿ ನಾನು ಇಂಥ ಭಾಗಗಳನ್ನು ಮಾತಿಲ್ಲದೆ ಮೈಯಲ್ಲಿ ಮಾತ್ರ ಮಾಡಿಸುತ್ತೇನೆ. ಆ ಒಂದು ಮೆಟ್ಟಿಲಿನ ಇಳಿತ ಸರಿಯಾಗಿ ಬಂದರೆ ಅಧಿಕಾರದ ಮುಂದೆ ಈ ಮನುಷ್ಯನಿಗಿದ್ದ ಗೌರವ ಮತ್ತು ಆತಂಕ ಎರಡೂ ವಿವರಣೆಯಿಲ್ಲದೆ ಕಾಣುತ್ತವೆ.

ಇಡೀ ಗ್ರಂಥದಲ್ಲಿ ಕ್ಯಾಮೆರಾಕ್ಕಾಗಿಯೇ ಬರೆದಂತಿರುವ ಭಾಗ ಹದಿನೈದನೆಯ ಅಧ್ಯಾಯದ ಕೊನೆಯಲ್ಲಿದೆ. ಮಿಯಾನ್ ಎಂಬ ಕುರುಡ ಸಂಗೀತಗಾರ ಗುರುವನ್ನು ಕಾಣಲು ಬರುತ್ತಾನೆ. ಮೆಟ್ಟಿಲ ಬಳಿ ಬಂದಾಗ ಗುರು, ಇದು ಮೆಟ್ಟಿಲು ಎನ್ನುತ್ತಾನೆ. ಚಾಪೆಯ ಬಳಿ ಬಂದಾಗ, ಇದು ಚಾಪೆ ಎನ್ನುತ್ತಾನೆ. ಎಲ್ಲರೂ ಕುಳಿತ ಮೇಲೆ, ಇಂಥವರು ಇಲ್ಲಿದ್ದಾರೆ, ಇಂಥವರು ಅಲ್ಲಿದ್ದಾರೆ ಎಂದು ಒಬ್ಬೊಬ್ಬರನ್ನೂ ತಿಳಿಸುತ್ತಾನೆ. ಆತ ಹೋದ ಬಳಿಕ ಶಿಷ್ಯ ಜೀಜಾಂಗ್, ಸಂಗೀತಗಾರನೊಡನೆ ಮಾತನಾಡುವ ಕ್ರಮ ಇದೇನೋ ಎಂದು ಕೇಳಿದರೆ, ಹೌದು, ಸಂಗೀತಗಾರನಿಗೆ ನೆರವಾಗುವ ಕ್ರಮ ಇದೇ ಎಂಬ ಉತ್ತರ ಬರುತ್ತದೆ. ಕನ್ಫ್ಯೂಷಿಯಸ್ ಹೇಳುವ ಶಿಷ್ಟಾಚಾರವೂ ಮನುಷ್ಯಪ್ರೀತಿಯೂ ಒಂದರೊಳಗೊಂದು ಸೇರಿಹೋಗಿರುವುದನ್ನು ತೋರಿಸಲು ಇದಕ್ಕಿಂತ ಬೇರೆ ದೃಶ್ಯ ಬೇಕಿಲ್ಲ. ದಯವಿಟ್ಟು ಇದನ್ನು ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿ, ಹಿನ್ನೆಲೆ ಸಂಗೀತ ಹಾಕಬೇಡಿ, ನಟ ದನಿಯನ್ನು ಕರುಣೆಯಿಂದ ತೇವಗೊಳಿಸದಂತೆ ನೋಡಿಕೊಳ್ಳಿ. ಅತಿಥಿಗೆ ಕಾಲು ತೊಳೆಯಲು ನೀರು ಕೊಡುವಷ್ಟು ಸಹಜವಾಗಿ ಆ ಮಾತುಗಳು ಬರಬೇಕು.

ಪ್ರೇಮಕಥೆಯಿಲ್ಲ ಎಂಬ ಅಳಲಿನಲ್ಲಿ ಅನೇಕರು ವೇ ರಾಜ್ಯದ ರಾಣಿ ನಾನ್‌ಜೀಯ ಭೇಟಿಯನ್ನು ಹಿಗ್ಗಿಸುವುದುಂಟು. ಅದರ ಅಗತ್ಯವಿಲ್ಲ. ಸಿಮಾ ಚಿಯಾನ್ ಕೊಟ್ಟ ವಿವರದಂತೆ ಆಕೆ ಪರದೆಯ ಹಿಂದಿದ್ದಳು, ಕನ್ಫ್ಯೂಷಿಯಸ್ ಬಾಗಿ ವಂದಿಸಿದ, ಪರದೆಯ ಹಿಂದಿನಿಂದ ಆಕೆ ಮರುವಂದಿಸಿದಾಗ ಮೈಮೇಲಿನ ಜೇಡ್ ಕಲ್ಲಿನ ಆಭರಣಗಳು ಸದ್ದು ಮಾಡಿದವು. ಆ ಸದ್ದನ್ನಷ್ಟೇ ಕೇಳಿಸಿ, ಆಕೆಯ ಮುಖ ತೋರಿಸದಿರಿ. ಹೊರಬಂದಾಗ ಜೀಲು ಮುನಿಸಿಕೊಂಡಿರುತ್ತಾನೆ. ನಾನು ತಪ್ಪು ಮಾಡಿದ್ದರೆ ದೈವವೇ ನನ್ನನ್ನು ತೊರೆಯಲಿ ಎಂದು ಗುರು ಶಿಷ್ಯನ ಮುಂದೆ ಆಣೆ ಇಡಬೇಕಾಗಿ ಬರುತ್ತದೆ. ಶಿಷ್ಯನಿಗೆ ಲೆಕ್ಕ ಒಪ್ಪಿಸುವ ಗುರುವನ್ನು ನಮ್ಮ ಪ್ರೇಕ್ಷಕರು ಹೆಚ್ಚಾಗಿ ನೋಡಿರಲಾರರು.

ಪವಾಡದ ಬಗ್ಗೆ ಒಂದು ಮಾತು. ಭಕ್ತಿಪ್ರಧಾನ ಚಿತ್ರಗಳನ್ನು ನೋಡಿ ಬೆಳೆದ ನಮ್ಮ ಪ್ರೇಕ್ಷಕರು ಮಹಾತ್ಮನ ಕಥೆಯಲ್ಲಿ ಅದನ್ನು ನಿರೀಕ್ಷಿಸುವುದು ನಿಜ. ಆದರೆ ಗುರು ವಿಚಿತ್ರ ಸಂಗತಿ, ಬಲಪ್ರದರ್ಶನ, ದಂಗೆ, ದೆವ್ವದೇವತೆಗಳ ಬಗ್ಗೆ ಮಾತನಾಡುತ್ತಿರಲಿಲ್ಲ ಎಂದು ಲುನ್‌ಯುವೇ ದಾಖಲಿಸಿದೆ. ಜಿ. ವಿ. ಅಯ್ಯರ್ ಅವರು 1983ರಲ್ಲಿ ಶಂಕರರ ಬಗ್ಗೆ ಸಂಸ್ಕೃತದಲ್ಲಿ, 1986ರಲ್ಲಿ ಮಧ್ವರ ಬಗ್ಗೆ ಕನ್ನಡದಲ್ಲಿ ಚಿತ್ರ ಮಾಡಿ, ಚಿಂತನೆಯನ್ನೇ ಕಥೆಯ ವಸ್ತುವಾಗಿಸುವ ಧೈರ್ಯ ನಮ್ಮಲ್ಲಿಯೂ ಉಂಟೆಂದು ತೋರಿಸಿದ್ದಾರೆ. ಪ್ರೇಕ್ಷಕರ ತಾಳ್ಮೆಯನ್ನು ಕಡಿಮೆ ಅಂದಾಜು ಮಾಡಬೇಡಿ.

ಕಲಾ ವಿಭಾಗದಲ್ಲಿ ಕೆಲಸ ಮಾಡುವವರೊಬ್ಬರ ಉತ್ತರ

ನಾನು ವಸ್ತ್ರ ಮತ್ತು ಸಾಮಗ್ರಿಗಳ ಬಗ್ಗೆ ಮಾತ್ರ ಹೇಳುತ್ತೇನೆ. ಚೀನಾ ಎಂದ ಕೂಡಲೇ ಬಾಡಿಗೆ ಅಂಗಡಿಯವರು ಕೊಡುವ ಉಡುಪುಗಳು ಹೆಚ್ಚಾಗಿ ಮಂಚು ಅರಸರ ಕಾಲದವು. ತಲೆಯ ಮುಂಭಾಗ ಬೋಳಿಸಿ ಹಿಂದೆ ಜಡೆ ಬಿಡುವ ಪದ್ಧತಿ ಕ್ರಿ.ಶ. 17ನೆಯ ಶತಮಾನದಲ್ಲಿ ಹೇರಲ್ಪಟ್ಟದ್ದು, ಅಂದರೆ ಕನ್ಫ್ಯೂಷಿಯಸ್ ತೀರಿಕೊಂಡು ಎರಡು ಸಾವಿರ ವರ್ಷಗಳ ಮೇಲೆ. ನಿಮ್ಮ ಪಾತ್ರಗಳಿಗೆ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಸಿ, ನಿಲುವಂಗಿಯ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬಂದು ಬಲಗಡೆಗೆ ಮುಚ್ಚಿಕೊಳ್ಳುವಂತೆ ಹೊಲಿಸಿ. ಕೂದಲು ಬಿಚ್ಚಿ ಎಡಗಡೆಗೆ ಅಂಗಿ ಕಟ್ಟುವುದು ಅನಾಗರಿಕರ ಗುರುತೆಂದು ಕನ್ಫ್ಯೂಷಿಯಸ್‌ನೇ ಹೇಳಿರುವುದರಿಂದ ಇಲ್ಲಿ ತಪ್ಪಾದರೆ ಮೌಲ್ಯವೇ ತಪ್ಪಿದಂತೆ.

ಕುರ್ಚಿ, ಮೇಜು ಬೇಡ, ಎಲ್ಲರೂ ಚಾಪೆಯ ಮೇಲೆ ಮಂಡಿಯೂರಿ ಕುಳಿತಿರಲಿ. ಕಾಗದ ಇನ್ನೂ ಹುಟ್ಟಿರಲಿಲ್ಲ, ಬಿದಿರಿನ ಪಟ್ಟಿಗಳನ್ನು ದಾರದಿಂದ ಹೆಣೆದ ಸುರುಳಿಗಳನ್ನು ಬಳಸಿ. ಪ್ರಯಾಣಕ್ಕೆ ಕುದುರೆ ಕಟ್ಟಿದ ಬಂಡಿಗಳಿರಲಿ, ರಿಕಾಪು ಹಾಕಿಕೊಂಡು ಕುದುರೆ ಸವಾರಿ ಮಾಡುವವರು ಬೇಡ. ವಾದ್ಯಗಳಿಗೆ ಒಳ್ಳೆಯ ಆಧಾರವೆಂದರೆ 1978ರಲ್ಲಿ ಹುಬೇ ಪ್ರಾಂತ್ಯದಲ್ಲಿ ಅಗೆದ ಜೆಂಗ್ ರಾಜ್ಯದ ದೊರೆ ಯೀಯ ಸಮಾಧಿ. ಕ್ರಿ.ಪೂ. 433ರ ಸುಮಾರಿನ ಆ ಸಮಾಧಿಯಲ್ಲಿ 65 ಕಂಚಿನ ಗಂಟೆಗಳ ಸಾಲು, ಕಲ್ಲಿನ ವಾದ್ಯಗಳು, ತಂತಿವಾದ್ಯಗಳು ಸಿಕ್ಕಿವೆ. ಅದು ದಕ್ಷಿಣದ ರಾಜ್ಯ, ಲೂ ಉತ್ತರದ್ದು ಎಂಬುದನ್ನು ನೆನಪಿಟ್ಟುಕೊಂಡು ಅಲಂಕಾರವನ್ನು ಸರಳಗೊಳಿಸಿ. ಗುರುವಿನ ಮುಖಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಈಗ ಕಾಣುವ ಚಿತ್ರಗಳೆಲ್ಲ ನೂರಾರು ವರ್ಷಗಳ ನಂತರದವು. ಆತ ಬಹಳ ಎತ್ತರದ ಮನುಷ್ಯನಾಗಿದ್ದ ಎಂಬ ಮಾತು ಹಳೆಯ ಚರಿತ್ರೆಯಲ್ಲಿದೆ, ನಟನ ಆಯ್ಕೆಯಲ್ಲಿ ಅದು ನೆರವಾದೀತು.

ಇತಿಹಾಸ ಬೋಧಿಸುವವರೊಬ್ಬರ ಉತ್ತರ

ಎರಡು ಎಚ್ಚರಿಕೆಗಳನ್ನು ಹೇಳಬೇಕೆನಿಸುತ್ತದೆ. ಲುನ್‌ಯು ಗುರುವಿನ ಮರಣಾನಂತರ ಶಿಷ್ಯರು ಮತ್ತು ಅವರ ಶಿಷ್ಯರು ಕಟ್ಟಿದ ಸಂಗ್ರಹ. ಸಿಮಾ ಚಿಯಾನ್ ಬರೆದದ್ದು ಮತ್ತೂ ತಡವಾಗಿ, ಕ್ರಿ.ಪೂ. 100ರ ಆಸುಪಾಸಿನಲ್ಲಿ. ಕನ್ಫ್ಯೂಷಿಯಸ್ ಅಧಿಕಾರಕ್ಕೆ ಬಂದೊಡನೆ ಶಾವ್‌ಜೆಂಗ್ ಮಾವ್ ಎಂಬ ಪ್ರತಿಸ್ಪರ್ಧಿಯನ್ನು ಕೊಲ್ಲಿಸಿದ ಎಂಬ ಕಥೆಯನ್ನು 12ನೆಯ ಶತಮಾನದ ಚಿಂತಕ ಜೂ ಶೀಯೇ ನಂಬಲಿಲ್ಲ. ಇಂಥ ಪ್ರಸಂಗಗಳನ್ನು ತೋರಿಸಲೇಬೇಕೆಂದಿದ್ದರೆ ಶಿಷ್ಯನೊಬ್ಬ ನೆನಪಿನಿಂದ ಹೇಳುವಂತೆ ತೋರಿಸಿ.

ಎರಡನೆಯದು, ಈ ಮನುಷ್ಯನನ್ನು ತೆರೆಗೆ ತಂದ ಪ್ರತಿಯೊಬ್ಬರೂ ತಮ್ಮ ಕಾಲದ ಜೊತೆ ಮಾತನಾಡಿದ್ದಾರೆ. ಜಪಾನೀಯರ ಆಕ್ರಮಣದಿಂದ ಸುತ್ತುವರಿದ ಶಾಂಘೈನಲ್ಲಿ ಫೇ ಮು 1940ರಲ್ಲಿ ಕನ್ಫ್ಯೂಷಿಯಸ್ ಬಗ್ಗೆ ಮಾಡಿದ ಚಿತ್ರ ದಶಕಗಳ ಕಾಲ ಕಳೆದುಹೋಗಿ, 2001ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮತ್ತೆ ದೊರೆಯಿತು. ರಾಜ್ಯಗಳು ಒಂದನ್ನೊಂದು ನುಂಗುತ್ತಿರುವಾಗ ಮನುಷ್ಯ ಹೇಗೆ ನೇರವಾಗಿರಬೇಕು ಎಂಬುದು ಅಂದಿನ ಶಾಂಘೈನ ಪ್ರಶ್ನೆಯೂ ಆಗಿತ್ತು. ಚೌ ಯುನ್ ಫ್ಯಾಟ್ ನಟಿಸಿದ, ಹು ಮೇ ನಿರ್ದೇಶನದ 2010ರ ಚಿತ್ರದಲ್ಲಿ ಸೇನೆ, ಕೋಟೆ, ತಂತ್ರಗಾರಿಕೆಗೆ ದೊಡ್ಡ ಸ್ಥಾನವಿದೆ. ದೃಶ್ಯವೈಭವ ಹೆಚ್ಚಿದಷ್ಟೂ ಬೋಧಕ ಹಿಂದೆ ಸರಿಯುತ್ತಾನೆ ಎಂಬುದು ಅದನ್ನು ನೋಡಿದಾಗ ನನಗಾದ ಅನಿಸಿಕೆ. 1966ರಲ್ಲಿ ಮಾವೋನ ಯುವ ಬೆಂಬಲಿಗರಾದ ಕೆಂಪು ಕಾವಲು ಪಡೆಯವರು ಕನ್ಫ್ಯೂಷಿಯಸ್ ಊರಾದ ಚುಫುವಿನಲ್ಲಿ ಆತನ ಸಮಾಧಿಯನ್ನು ಹಾಳುಗೆಡವಿದ್ದರು, 1974ರಲ್ಲಿ ಆತನ ವಿರುದ್ಧ ದೇಶವ್ಯಾಪಿ ಆಂದೋಲನವೇ ನಡೆಯಿತು. ಈಗ ಅದೇ ದೇಶ ಆತನ ಹೆಸರನ್ನು ಹೆಮ್ಮೆಯಿಂದ ಹೊರದೇಶಗಳಿಗೆ ಒಯ್ಯುತ್ತಿದೆ. ಸರ್ಕಾರಗಳಿಗೆ ಅನುಕೂಲವಾದ ವಿಧೇಯತೆಯ ಗುರುವನ್ನು ನೀವು ಚಿತ್ರಿಸಬಾರದು, ಏಕೆಂದರೆ ದೊರೆಗೆ ಮೋಸ ಮಾಡದಿರು, ಆದರೆ ಎದುರುನಿಂತು ಹೇಳು ಎಂದು ಜೀಲುವಿಗೆ ಹೇಳಿದವನೂ ಆತನೇ.

ಪಿತೃಭಕ್ತಿಗೂ ಇದೇ ಮಾತು ಅನ್ವಯಿಸುತ್ತದೆ. ತಂದೆತಾಯಿಗಾಗಿ ಮೂರು ವರ್ಷ ಶೋಕ ಆಚರಿಸುವುದು ಹೆಚ್ಚಾಯಿತು, ಒಂದು ವರ್ಷ ಸಾಕು ಎಂದು ಜಾಯ್ ವೋ ಎಂಬ ಶಿಷ್ಯ ವಾದಿಸುತ್ತಾನೆ. ಆಮೇಲೆ ಒಳ್ಳೆಯ ಅನ್ನ ಉಂಡು, ಒಳ್ಳೆಯ ಬಟ್ಟೆ ಉಟ್ಟರೆ ನಿನ್ನ ಮನಸ್ಸಿಗೆ ನೆಮ್ಮದಿಯೇ ಎಂದು ಗುರು ಕೇಳುತ್ತಾನೆ. ನೆಮ್ಮದಿಯೇ ಎನ್ನುತ್ತಾನೆ ಶಿಷ್ಯ. ಹಾಗಾದರೆ ಮಾಡು ಎನ್ನುತ್ತಾನೆ ಗುರು. ಆತ ಹೊರಗೆ ಹೋದ ಮೇಲೆ, ಮಗು ಮೂರು ವರ್ಷ ತಂದೆತಾಯಿಯ ತೋಳು ಬಿಟ್ಟಿರುವುದಿಲ್ಲ, ಇವನಿಗೆ ಆ ಪ್ರೀತಿ ಸಿಕ್ಕಿರಲಿಲ್ಲವೇ ಎಂದು ನೊಂದುಕೊಳ್ಳುತ್ತಾನೆ. ಬಲವಂತವಿಲ್ಲದ, ಆದರೆ ಗಾಯಗೊಂಡ ಈ ಉತ್ತರವನ್ನು ಖಂಡಿತ ಉಳಿಸಿಕೊಳ್ಳಿ. ಮೂರು ವರ್ಷದವನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ತಾಯಿಯೊಬ್ಬಳ ಆರೈಕೆಯಲ್ಲಿ ಬೆಳೆದವನು ಎಂದು ಪರಂಪರೆ ಹೇಳುವ ಮನುಷ್ಯನ ಬಾಯಲ್ಲಿ ಆ ಮಾತಿನ ತೂಕವೇ ಬೇರೆ. ಹೆಂಗಸರನ್ನೂ ಅಲ್ಪರನ್ನೂ ಸಂಭಾಳಿಸುವುದು ಕಷ್ಟ ಎಂಬ ಆತನ ಹೆಸರಿನ ಮಾತನ್ನು ಮರೆಮಾಚುವುದೂ ನ್ಯಾಯವಲ್ಲ. ಅದನ್ನು ಕೇಳಿಸಿಕೊಳ್ಳುವ ಒಬ್ಬ ಹೆಂಗಸಿನ ಮುಖ ನಿಮ್ಮ ಚಿತ್ರದಲ್ಲಿದ್ದರೆ ಅದೇ ಸಾಕಷ್ಟು ಹೇಳುತ್ತದೆ.

ಚಿತ್ರಕಥೆಗಾರರ ಮರುಉತ್ತರ

ಚಿತ್ರವನ್ನು ಎಲ್ಲಿ ಮುಗಿಸಬೇಕೆಂದು ನೀವು ಆಮೇಲೆ ಕೇಳಿದ್ದೀರಿ. ಗುರುವಿನ ಸಾವಿನವರೆಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಲೂ ರಾಜ್ಯಕ್ಕೆ ಮರಳಿದ ಮೇಲೆ ಯಾನ್ ಹ್ವೇ ತೀರಿಕೊಂಡಾಗ ಗುರು ಕಟ್ಟೆಯೊಡೆದಂತೆ ಅಳುತ್ತಾನೆ. ಶೋಕ ಮಿತಿ ಮೀರಿತು ಎಂದು ಶಿಷ್ಯರು ಹೇಳಿದಾಗ, ಇವನಿಗಾಗಿ ಮೀರದಿದ್ದರೆ ಇನ್ನಾರಿಗಾಗಿ ಎನ್ನುತ್ತಾನೆ. ಬದುಕಿಡೀ ಎಲ್ಲದರಲ್ಲೂ ಹದವನ್ನು ಬೋಧಿಸಿದವನು ಹದ ತಪ್ಪುವ ಈ ಗಳಿಗೆ ನಿಮ್ಮ ಕೊನೆಯ ಹತ್ತು ನಿಮಿಷಗಳಲ್ಲಿ ಬರಬೇಕು. ಅದರ ಬೆನ್ನಿಗೇ ಯಾನ್ ಹ್ವೇಯ ತಂದೆ ಬಂದು, ಹೊರಗಿನ ಶವಪೆಟ್ಟಿಗೆ ಮಾಡಿಸಲು ನಿಮ್ಮ ಬಂಡಿಯನ್ನು ಕೊಡಿ ಎಂದು ಬೇಡುವ, ಗುರು ನಿರಾಕರಿಸುವ ದೃಶ್ಯವನ್ನೂ ಇಡಿ. ನನ್ನ ಸ್ವಂತ ಮಗ ಸತ್ತಾಗಲೂ ಹಾಗೆ ಮಾಡಲಿಲ್ಲ ಎಂಬುದು ಆತ ಕೊಡುವ ಕಾರಣ. ಅಷ್ಟು ಪ್ರೀತಿಸಿದವನು ಇಷ್ಟನ್ನು ಕೊಡಲಿಲ್ಲವೇ ಎಂದು ಪ್ರೇಕ್ಷಕರು ಜಗಳವಾಡುತ್ತ ಮನೆಗೆ ಹೋಗಲಿ. ಇದಕ್ಕೆ ಸಮಯ ಸಾಲದಿದ್ದರೆ ಕೋಟೆ ಕೆಡವುವ ಭಾಗವನ್ನು ಒಂದೆರಡು ಮಾತಿಗೆ ಇಳಿಸಿ, ನರ್ತಕಿಯರ ಪ್ರಸಂಗವನ್ನು ಪೂರ್ತಿಯಾಗಿ ತೆಗೆದುಹಾಕಿ. ಕುರುಡ ಸಂಗೀತಗಾರನ ದೃಶ್ಯಕ್ಕೆ ಮಾತ್ರ ಕೈ ಹಚ್ಚಬೇಡಿ. ಎರಡನೆಯ ಕರಡು ಸಿದ್ಧವಾದಾಗ ಇಲ್ಲಿಯೇ ಹಂಚಿಕೊಂಡರೆ ದೃಶ್ಯಗಳ ಕ್ರಮದ ಬಗ್ಗೆ ಬರೆಯುತ್ತೇನೆ.