ಓಪನ್ ಬ್ಯಾಕ್ ಹೆಡ್‌ಫೋನ್: ಪ್ಯಾಡ್, ಕೇಬಲ್ ಬದಲಿಸಿದ ಮೇಲೆ ದನಿ ನಡುವೆ ನಿಲ್ಲುತ್ತಿಲ್ಲ, ಬಲಗಡೆ ಜರ್‌ರ್ ಸದ್ದು

ಮಂದ್ರಸ್ಥಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಸೆನ್‌ಹೈಸರ್ ಎಚ್‌ಡಿ 600, ಸೆಕೆಂಡ್ ಹ್ಯಾಂಡ್. ಕೈಗೆ ಬಂದಾಗಲೇ ವೆಲ್ವೆಟ್ ಪ್ಯಾಡುಗಳು ಚಪ್ಪಟೆಯಾಗಿದ್ದವು. ಸದ್ದು ಹೊರಡಿಸುವ ಡ್ರೈವರ್ ಮುಂದಿನ ತೆಳು ಫೋಮ್ ಮುಟ್ಟಿದರೆ ಪುಡಿಪುಡಿ. ಕೇಬಲ್ಲನ್ನು ಜ್ಯಾಕಿನ ಹತ್ತಿರ ಸ್ವಲ್ಪ ಅಲ್ಲಾಡಿಸಿದರೂ ಒಂದು ಕಡೆ ಸದ್ದು ಹೋಗುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಮುಗಿಸೋಣ ಅಂತ ಕೂತೆ.

ಮಾಡಿದ್ದು ಇಷ್ಟು: ಹಳೆ ಪ್ಯಾಡ್ ತೆಗೆದು ದಪ್ಪನೆಯ ಲೆದರ್ ಪ್ಯಾಡ್ ಹಾಕಿದೆ. ಪುಡಿಯಾದ ಫೋಮ್ ಕಿತ್ತು ಜಾಗ ಖಾಲಿ ಬಿಟ್ಟೆ, ಟ್ರೆಬಲ್ ಇನ್ನೂ ಬಿಚ್ಚಿಕೊಳ್ಳುತ್ತದೆ ಅಂತ ಎಲ್ಲೋ ಓದಿದ್ದೆ. ಕೇಬಲ್ ಬದಲು ಬೇರೆ ಯಾರೋ ಮಾಡಿದ ಹೆಣೆದ ಕೇಬಲ್ ತಂದೆ.

ಈಗ ಹಾಡುವವರ ದನಿ ತಲೆಯ ನಡುವೆ ನಿಲ್ಲುತ್ತಿಲ್ಲ. ಎರಡೂ ಕಿವಿಯ ಆಚೆಗೆ ಹರಡಿಕೊಂಡ ಹಾಗೆ ಕೇಳುತ್ತದೆ. ಬೇಸ್ ತೆಳ್ಳಗಾಗಿದೆ. ಮೃದಂಗದ ತೊಪ್ಪಿ ಬಾರಿಸಿದಾಗ ಬಲಗಡೆ ಜರ್‌ರ್ ಅನ್ನುತ್ತದೆ. ಸಾಲದ್ದಕ್ಕೆ ಕಿವಿಯ ಮೇಲ್ಭಾಗ ಒತ್ತಿ ನೋವು, ಕನ್ನಡಕ ಬೇರೆ ಹಾಕುತ್ತೇನೆ. ಎಲ್ಲಿಂದ ಶುರು ಮಾಡಲಿ?

ಕಿವಿಮಾತು:
ಮೊದಲು ಕೇಬಲ್. ದನಿ ನಡುವೆ ನಿಲ್ಲದಿರುವುದು ಪ್ಯಾಡಿನ ಕೆಲಸ ಅಲ್ಲ. ಪ್ಯಾಡ್ ಸ್ವರದ ಬಣ್ಣ ಬದಲಿಸುತ್ತದೆ. ಹಾಡುವವರನ್ನು ತಲೆಯಿಂದ ಹೊರಗೆ ಓಡಿಸುವುದಿಲ್ಲ.

ಬಲಗಡೆಯ ಪೊಲಾರಿಟಿ, ಅಂದರೆ ಪ್ಲಸ್ ಮೈನಸ್, ತಿರುಗಿದೆ ಅನ್ನುವುದು ನನ್ನ ಅನುಮಾನ. ಎಡಗಡೆ ಡಯಾಫ್ರಮ್ (ಡ್ರೈವರಿನೊಳಗೆ ಅಲುಗಾಡಿ ಸದ್ದು ಮಾಡುವ ತೆಳು ಹಾಳೆ) ಮುಂದೆ ಬರುವ ಹೊತ್ತಿಗೆ ಬಲಗಡೆಯದು ಹಿಂದೆ ಹೋಗುತ್ತಿದ್ದರೆ ಮಿದುಳಿಗೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಬೇಸ್ ತೆಳ್ಳಗಾಗಿದ್ದೂ ಅದರಿಂದಲೇ, ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ.

ಬೆಸುಗೆಕಡ್ಡಿ:
ಕಿವಿಮಾತು ಹೇಳಿದ್ದರಲ್ಲಿ ಮೊದಲರ್ಧ ಸರಿ, ಉಳಿದರ್ಧ ಸ್ಪೀಕರಿನ ಲೆಕ್ಕ. ಸ್ಪೀಕರಿನಲ್ಲಿ ಎರಡರ ಸದ್ದೂ ಒಂದೇ ಕೋಣೆಯ ಗಾಳಿಯಲ್ಲಿ ಸೇರುತ್ತದೆ, ಹಾಗಾಗಿ ಬೇಸ್ ನಿಜವಾಗಿಯೂ ಕಡಿಮೆಯಾಗುತ್ತದೆ. ಹೆಡ್‌ಫೋನಿನಲ್ಲಿ ಎಡಗಿವಿಗೆ ಎಡದ್ದು, ಬಲಗಿವಿಗೆ ಬಲದ್ದು. ಗಾಳಿಯಲ್ಲಿ ಸೇರಿ ಕಳೆದುಹೋಗುವ ಮಾತೇ ಇಲ್ಲ. ಟೊಳ್ಳು ಅನಿಸುತ್ತದೆ, ನಿಜ. ಆದರೆ ಬೇಸ್ ಅಷ್ಟೊಂದು ತೆಳ್ಳಗಾಗಿದ್ದರೆ ಅದಕ್ಕೆ ಬೇರೆ ಕಾರಣ ಇರಬೇಕು. ಎರಡು ದೋಷ ಒಟ್ಟಿಗೆ ಇವೆ ಅಂತ ಇಟ್ಟುಕೊಂಡೇ ಹುಡುಕಿ.

ಇನ್ನೊಂದು. ಪೊಲಾರಿಟಿ ಅಂತ ಈಗಲೇ ತೀರ್ಮಾನ ಬೇಡ. ಇದೇ ತರಹ ಕೇಳಿಸುವ ಇನ್ನೊಂದು ದೋಷ ಇದೆ: ಜ್ಯಾಕಿನ ಬುಡದ ಭಾಗ, ಅಂದರೆ ಎರಡೂ ಕಡೆಗೆ ಸೇರಿದ ಗ್ರೌಂಡ್, ಕಡಿದಿರುವುದು. ಆಗ ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲದೆ ಎರಡು ಡ್ರೈವರುಗಳನ್ನೂ ಸಾಲಾಗಿ ಹಾದು ಹೋಗುತ್ತದೆ. ನಿಮಗೆ ಕೇಳಿಸುವುದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ. ಸಾಮಾನ್ಯವಾಗಿ ಗಾಯನ ಮತ್ತು ಬೇಸ್ ಎರಡೂ ಕಡೆ ಸಮನಾಗಿ ರೆಕಾರ್ಡ್ ಆಗಿರುತ್ತವೆ. ಹಾಗಾಗಿ ಅವೇ ಮಾಯವಾಗುತ್ತವೆ, ಕರೋಕೆ ಹಾಕಿದ ಹಾಗೆ. ಜ್ಯಾಕ್ ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಂತರೂ ಹೀಗಾಗಬಹುದು.

ಇವೆರಡನ್ನೂ ಬೇರೆ ಮಾಡಲು ಸುಲಭದ ಪರೀಕ್ಷೆ ಇದೆ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಅಂತ ಇರುತ್ತದೆ, ಆನ್ ಮಾಡಿ. ಹಾಡು ಹಾಕಿ.

ಹೆಚ್ಚುಕಡಿಮೆ ಏನೂ ಕೇಳಿಸದಿದ್ದರೆ ಗ್ರೌಂಡ್ ಕಡಿದಿದೆ. ಸದ್ದು ಜೋರಾಗಿಯೇ ಇದ್ದು, ನಡುವೆ ಮಾತ್ರ ನಿಲ್ಲದೆ ಕಿವಿಯಾಚೆ ತೇಲುತ್ತಿದ್ದರೆ ಪೊಲಾರಿಟಿ ಉಲ್ಟಾ. ತಲೆಯ ನಟ್ಟನಡುವೆ ಒಂದು ಬಿಂದುವಿನ ಹಾಗೆ ನಿಂತರೆ ಕೇಬಲ್ ಸರಿ ಇದೆ, ಬೇರೆ ಏನೋ.

ಮಂದ್ರಸ್ಥಾಯಿ:
ಮೋನೋ ಹಾಕಿ ಕೇಳಿದೆ. ಜೋರಾಗಿದೆ, ಆದರೆ ನಡುವೆ ಏನೂ ಇಲ್ಲ. ತಲೆಯ ಎರಡೂ ಪಕ್ಕದಲ್ಲಿ ಒತ್ತಿದ ಹಾಗೆ, ಸ್ವಲ್ಪ ಹೊತ್ತಿಗೆ ತಲೆಸುತ್ತು ಬರುವ ಹಾಗಿದೆ.

ಬಲಗಡೆ ಪ್ಲಗ್ ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ. ಹಾಗಿದ್ದರೆ ಕೇಬಲ್ ತಪ್ಪಲ್ಲ ಅಲ್ವಾ?

ಬೆಸುಗೆಕಡ್ಡಿ:
ಪ್ಲಗ್ ಅದಲು ಬದಲು ಮಾಡಿದರೆ ಪೊಲಾರಿಟಿ ದೋಷ ಹೋಗುವುದಿಲ್ಲ. ಉಲ್ಟಾ ಆಗಿರುವ ಕಡೆ ಇನ್ನೊಂದು ಕಿವಿಗೆ ಹೋಗುತ್ತದೆ, ಅಷ್ಟೇ. ಒಂದಕ್ಕೊಂದು ಎದುರು ಎದುರೇ ಇರುತ್ತವೆ.

ಆದರೆ ಅದೇ ಅದಲು ಬದಲಿನಿಂದ ಬೇರೆ ಒಂದು ವಿಷಯ ಗೊತ್ತಾಗುತ್ತದೆ. ಜರ್‌ರ್ ಸದ್ದು ಆಗ ಯಾವ ಕಡೆ ಇತ್ತು? ಬಲಗಿವಿಯಲ್ಲೇ ಉಳಿದಿದ್ದರೆ ಅದು ಡ್ರೈವರಿನದು.

ಕೇಬಲ್ಲಿಗೆ ಮಲ್ಟಿಮೀಟರ್ ತೆಗೆದುಕೊಳ್ಳಿ, ಬೀಪ್ ಮೋಡಿಗೆ ಹಾಕಿ. ಕೇಬಲ್ಲನ್ನು ಹೆಡ್‌ಫೋನಿನಿಂದಲೂ ಫೋನಿನಿಂದಲೂ ಬಿಚ್ಚಿಡಿ. ಜ್ಯಾಕಿನ ತುದಿ ಎಡಗಡೆಯದು, ನಡುವಿನ ಉಂಗುರ ಬಲಗಡೆಯದು, ಬುಡ ಗ್ರೌಂಡ್. ಈ ಮಾದರಿಯ ಪ್ಲಗ್ಗಿನಲ್ಲಿ ಎರಡು ಪಿನ್, ಒಂದು ದಪ್ಪ, ಒಂದು ಸಪೂರ. ಒಂದು ಮೊನೆಯನ್ನು ಜ್ಯಾಕಿನ ಬುಡಕ್ಕೆ ಹಿಡಿದು, ಇನ್ನೊಂದರಿಂದ ಎರಡೂ ಪ್ಲಗ್ಗಿನ ಪಿನ್ನುಗಳನ್ನು ಮುಟ್ಟಿ. ಬೀಪ್ ಬರುವುದು ದಪ್ಪ ಪಿನ್ನಿಗೋ ಸಪೂರದ್ದಕ್ಕೋ ಅನ್ನುವುದು ಮುಖ್ಯ ಅಲ್ಲ. ಎಡಗಡೆ ಯಾವುದಕ್ಕೆ ಬಂತೋ ಬಲಗಡೆಯೂ ಅದಕ್ಕೇ ಬರಬೇಕು.

ಸುಮ್ನೆ_ಕೇಳಿ:
ಇಷ್ಟೆಲ್ಲ ಯಾಕೆ ಸ್ವಾಮಿ? ಒಳ್ಳೆ ಹೆಡ್‌ಫೋನು. ಒರಿಜಿನಲ್ ಪ್ಯಾಡ್, ಒರಿಜಿನಲ್ ಕೇಬಲ್ ಹಾಕಿ, ಬೇಕಾದರೆ ಈಕ್ವಲೈಜರ್ ಆನ್ ಮಾಡಿ, ಹಾಡು ಕೇಳಿ. 1997ರಿಂದ ಬರುತ್ತಿರುವ ಮಾದರಿ. ಪ್ಯಾಡ್, ಕೇಬಲ್ ಎಲ್ಲಾ ಕೈಯಲ್ಲೇ ಬಿಚ್ಚಿ ಹಾಕಬಹುದು, ಅಂಟು ಗಿಂಟು ಇಲ್ಲ. ಬಿಚ್ಚಲು ಸುಲಭ ಅಂತ ಬಿಚ್ಚುತ್ತಲೇ ಇರಬೇಕು ಅಂತೇನಿಲ್ಲವಲ್ಲ.

ಮಂದ್ರಸ್ಥಾಯಿ:
ಹಿಡಿದು ನೋಡಿದೆ. ಎಡಗಡೆ ಬುಡಕ್ಕೆ ಬೀಪ್ ಆಗುವುದು ದಪ್ಪ ಪಿನ್, ಬಲಗಡೆ ಸಪೂರ ಪಿನ್! ಮಾರಿದವರು ಪರೀಕ್ಷಿಸಿದಂತೆ ಇಲ್ಲ. ಪ್ಲಗ್ಗಿನ ಮೇಲಿನ ಕವಚ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಒಳಗೆ ಎರಡು ತಂತಿ ಕಾಣುತ್ತಿದೆ. ಬೆಸುಗೆ ಬಿಡಿಸಿ ಅದಲು ಬದಲು ಮಾಡಲಾ? ಬೆಸುಗೆ ಹಾಕುವ ಕಬ್ಬಿಣ ಇದೆ.

ಜರ್‌ರ್ ಸದ್ದು ಬಲಗಡೆಯೇ ಉಳಿದಿತ್ತು. ಕೇಳಿದ್ದು ಒಳ್ಳೆಯದಾಯಿತು.

ಬೆಸುಗೆಕಡ್ಡಿ:
ಮಾಡಿ. ಆದರೆ ಪಿನ್ನುಗಳು ಕೂತಿರುವುದು ಪ್ಲಾಸ್ಟಿಕ್ಕಿನಲ್ಲಿ. ಕಾಸಿದ ಕಬ್ಬಿಣ ಹೆಚ್ಚು ಹೊತ್ತು ಹಿಡಿದರೆ ಪಿನ್ ವಾಲುತ್ತದೆ, ಆಮೇಲೆ ಹೆಡ್‌ಫೋನಿಗೆ ಹೋಗುವುದೇ ಇಲ್ಲ. ಎರಡು ಸೆಕೆಂಡಿನಲ್ಲಿ ಮುಟ್ಟಿ ತೆಗೆಯಿರಿ, ಆರಲು ಬಿಟ್ಟು ಮತ್ತೆ ಮುಟ್ಟಿ. ಪಿನ್ ಅಲ್ಲಾಡದಂತೆ ಹಿಡಿಯಲು ಪ್ಲಗ್ಗನ್ನು ಹೆಡ್‌ಫೋನಿಗೇ ಸಿಕ್ಕಿಸಿ ಬೆಸುಗೆ ಹಾಕಬೇಡಿ, ಬಿಸಿ ಒಳಗಿನ ಸಾಕೆಟ್ಟಿಗೂ ಹೋಗುತ್ತದೆ.

ತಂತಿ ಎಳೆಗಳು ಕೆಂಪು, ಹಸಿರು, ತಾಮ್ರ ಬಣ್ಣದಲ್ಲಿ ಮಿರಮಿರ ಹೊಳೆಯುತ್ತಿದ್ದರೆ ಅದು ಎನಾಮಲ್ (ಕರೆಂಟ್ ತಡೆಯುವ ಲೇಪ) ಬಳಿದ ತಂತಿ ಇರಬಹುದು. ಅದು ಸುಡದೆ ಬೆಸುಗೆ ಹಿಡಿಯುವುದಿಲ್ಲ. ಮೇಲಿಂದ ಹಿಡಿದ ಹಾಗೆ ಕಾಣುತ್ತದೆ, ಒಳಗೆ ಸಂಪರ್ಕ ಇರುವುದಿಲ್ಲ. ತುದಿಯಲ್ಲಿ ಹೊಸ ಬೆಸುಗೆ ತಂತಿಯ ದೊಡ್ಡ ಹನಿ ಮಾಡಿಕೊಂಡು ಎಳೆಗಳನ್ನು ಅದರೊಳಗೆ ಅದ್ದಿ ಹಿಡಿಯಿರಿ. ಹೊಗೆ ಬಂದು ಬಣ್ಣ ಹೋಗಿ ಬೆಳ್ಳಗಾದರೆ ಸರಿ. ಇದನ್ನು ಪಿನ್ನಿಗೆ ಹಚ್ಚುವ ಮೊದಲೇ ಮುಗಿಸಿ.

ಆದಮೇಲೆ ಮೀಟರನ್ನು ಓಮ್‌ಗೆ ತಿರುಗಿಸಿ ಹೆಡ್‌ಫೋನ್ ಸಮೇತ ಅಳೆಯಿರಿ. ತುದಿ ಮತ್ತು ಬುಡ, ಉಂಗುರ ಮತ್ತು ಬುಡ. ಎರಡೂ 300ರ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಬರಬೇಕು. ಒಂದು ಕಡೆ ಎಷ್ಟೋ ಜಾಸ್ತಿ ತೋರಿಸಿದರೆ ಬೆಸುಗೆ ಕೂತಿಲ್ಲ.

ಕಿವಿಮಾತು:
ಸ್ಪೀಕರ್ ಲೆಕ್ಕ ಅಂದಿದ್ದು ಒಪ್ಪಿದೆ. ಹಾಗಾದರೆ ಬೇಸ್‌ಗೆ ನನ್ನ ಇನ್ನೊಂದು ಊಹೆ: ಪ್ಯಾಡ್ ಎಲ್ಲೋ ಬಿಟ್ಟುಕೊಂಡಿದೆ.

ಓಪನ್ ಬ್ಯಾಕ್ ಅಂದ ತಕ್ಷಣ ಎಲ್ಲಾ ಕಡೆಯಿಂದ ಗಾಳಿ ಆಡಬಹುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ತೆರೆದಿರುವುದು ಡ್ರೈವರಿನ ಹಿಂಬದಿ. ಮುಂಬದಿಯಲ್ಲಿ, ಡ್ರೈವರಿಗೂ ಕಿವಿಗೂ ನಡುವಿನ ಜಾಗದಲ್ಲಿ, ಗಾಳಿ ಸೋರಿದಷ್ಟೂ ಬೇಸ್ ಸೋರುತ್ತದೆ. ವೆಲ್ವೆಟ್ ಪ್ಯಾಡಿನಲ್ಲಿ ಬಟ್ಟೆಯ ಮೂಲಕವೇ ಒಂದಿಷ್ಟು ಸೋರುತ್ತದೆ, ಅದಕ್ಕೆ ತಕ್ಕ ಹಾಗೆ ಈ ಹೆಡ್‌ಫೋನ್ ಮಾಡಿದ್ದಾರೆ. ಲೆದರ್ ಹಾಕಿದರೆ ಸೋರಿಕೆ ಕಡಿಮೆಯಾಗಿ ಬೇಸ್ ಜಾಸ್ತಿ ಆಗಬೇಕಿತ್ತು. ನಿಮ್ಮದು ಉಲ್ಟಾ ಆಗಿದೆ. ಎಲ್ಲೋ ದೊಡ್ಡ ಕಂಡಿಯೇ ಇದೆ.

ಹಾಡು ಹಾಕಿಕೊಂಡು ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ಕಿವಿಯ ಕಡೆ ಒತ್ತಿ. ಹಿಂದಿನ ಜಾಲರಿ ಮುಚ್ಚಬೇಡಿ, ಅಂಚು ಹಿಡಿದು ಒತ್ತಿ. ಬೇಸ್ ತಟ್ಟನೆ ತುಂಬಿದರೆ ಪ್ಯಾಡ್ ಮುಖಕ್ಕೆ ಕೂರುತ್ತಿಲ್ಲ. ಒತ್ತಿದರೂ ಬದಲಾಗದಿದ್ದರೆ ಪ್ಯಾಡಿಗೂ ಕಪ್ಪಿಗೂ ನಡುವೆ ನೋಡಿ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ರಿಂಗ್ ಸುತ್ತಲೂ ಕಟಕ್ ಕಟಕ್ ಅಂತ ಕೂರಬೇಕು. ಒಂದು ಕಡೆ ಕೂರದೆ ಎದ್ದಿದ್ದರೂ ಸಾಕು.

ಮಂದ್ರಸ್ಥಾಯಿ:
ಕೇಬಲ್ ಆಯಿತು. ಮೋನೋ ಹಾಕಿದರೆ ದನಿ ಹಣೆಯ ಹಿಂದೆ ಗೂಟ ಹೊಡೆದ ಹಾಗೆ ನಿಂತಿದೆ. ಓಮ್ ಎರಡೂ ಕಡೆ ಒಂದೇ. ಬೆಸುಗೆಕಡ್ಡಿ ಅವರೇ, ತುಂಬಾ ಥ್ಯಾಂಕ್ಸ್.

ಬೇಸ್‌ಗೆ ಎರಡೂ ಕಾರಣ ಇತ್ತು. ಎಡಗಡೆ ಪ್ಯಾಡಿನ ರಿಂಗ್ ಕೆಳಗಡೆ ಕೂತಿರಲಿಲ್ಲ, ಉಗುರು ತೂರುವಷ್ಟು ಸಂದು. ಅದನ್ನು ಒತ್ತಿ ಕೂರಿಸಿದೆ. ಇನ್ನೊಂದು ಕನ್ನಡಕದ ಕಡ್ಡಿ. ಲೆದರ್ ಗಟ್ಟಿಯಾಗಿದೆ, ಕಡ್ಡಿಯ ಮೇಲೆ ಎದ್ದು ನಿಲ್ಲುತ್ತದೆ. ಕನ್ನಡಕ ತೆಗೆದರೆ ಬೇಸ್ ಸರಿ ಇದೆ.

ಉಳಿದಿದ್ದು ಜರ್‌ರ್ ಮತ್ತು ನೋವು.

ಬೆಸುಗೆಕಡ್ಡಿ:
ಜರ್‌ರ್‌ಗೆ ನನ್ನ ಪಂದ್ಯ ಕೂದಲಿನ ಮೇಲೆ. ಫೋಮ್ ಕಿತ್ತು ಖಾಲಿ ಬಿಟ್ಟೆ ಅಂದಿರಲ್ಲ, ಆ ಫೋಮ್ ಅಲ್ಲಿರುವುದೇ ಕೂದಲು, ಹೊಟ್ಟು, ದೂಳು ತಡೆಯಲು. ಡಯಾಫ್ರಮ್ ತುಂಬಾ ತೆಳುವಾದ ಪ್ಲಾಸ್ಟಿಕ್ ಹಾಳೆ. ಒಂದು ಕೂದಲಿನ ತುದಿ ಅದಕ್ಕೆ ತಾಗಿಕೊಂಡಿದ್ದರೆ ಪ್ರತಿ ಅಲುಗಾಟಕ್ಕೂ ಬಡಿಯುತ್ತದೆ. ಬೇಸ್‌ನಲ್ಲಿ ಡಯಾಫ್ರಮ್ ಹೆಚ್ಚು ದೂರ ಚಲಿಸುವುದರಿಂದ ಅಲ್ಲೇ ಜಾಸ್ತಿ ಕೇಳಿಸುತ್ತದೆ.

ಖಾತ್ರಿ ಮಾಡಿಕೊಳ್ಳಲು 20 ಹರ್ಟ್ಸ್‌ನಿಂದ ಮೇಲಕ್ಕೆ ಏರುವ ಸೈನ್ ಸ್ವೀಪ್ ಹಾಕಿ, ಅಂದರೆ ತಗ್ಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ಒಂದೇ ಶುದ್ಧ ಸ್ವರ. ವಾಲ್ಯೂಮ್ ಕಡಿಮೆ ಇರಲಿ. ಶುದ್ಧ ಸ್ವರದ ಮೇಲೆ ಜರ್‌ರ್ ಕೂತಿದ್ದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಇದ್ದರೆ, ಬಲಗಡೆ ಪ್ಯಾಡ್ ತೆಗೆದು ಹೆಡ್‌ಫೋನನ್ನು ಮಗುಚಿ ಹಿಡಿಯಿರಿ, ಕಪ್ಪಿನ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಎಷ್ಟೋ ಸಲ ಅಷ್ಟಕ್ಕೇ ಬಿದ್ದುಹೋಗುತ್ತದೆ. ಬೀಳದಿದ್ದರೆ ಟಾರ್ಚನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಕೂದಲು ಓರೆ ಬೆಳಕಿನಲ್ಲಿ ಮಿನುಗುತ್ತದೆ.

ಉಕ್ಕಿನ ಚಿಮಟ ಹತ್ತಿರವೂ ತರಬೇಡಿ. ಡ್ರೈವರಿನ ಹಿಂದೆ ಶಕ್ತಿಯುತ ಅಯಸ್ಕಾಂತ ಇದೆ, ಚಿಮಟದ ತುದಿಯನ್ನು ಸೆಳೆದುಕೊಂಡು ಡಯಾಫ್ರಮ್ಮಿಗೇ ಚುಚ್ಚಿಸುತ್ತದೆ. ಪ್ಲಾಸ್ಟಿಕ್ಕಿನದು ಬಳಸಿ. ಬಾಯಲ್ಲಿ ಊದಬೇಡಿ, ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ, ಡಬ್ಬಿಯ ಗಾಳಿಯೂ ಬೇಡ. ಡಯಾಫ್ರಮ್ ಒಮ್ಮೆ ಮಡಿಚಿದರೆ ಮತ್ತೆ ನೆಟ್ಟಗಾಗುವುದು ಕಷ್ಟ.

ಮಂದ್ರಸ್ಥಾಯಿ:
ಸ್ವೀಪ್ ಹಾಕಿದೆ, 60ರಿಂದ ಸುಮಾರು 150 ಹರ್ಟ್ಸ್‌ವರೆಗೆ ಜರ್‌ರ್ ಜೊತೆಗೇ ಬಂತು. ತಟ್ಟಿದರೆ ಹಳೆ ಫೋಮಿನ ಕಪ್ಪು ಪುಡಿ ಉದುರಿತು, ಸದ್ದು ಹೋಗಲಿಲ್ಲ. ಟಾರ್ಚ್ ಓರೆ ಬಿಟ್ಟಾಗ ಕಾಣಿಸಿತು. ಚಿಕ್ಕ ಬಿಳಿ ಕೂದಲು. ಒಂದು ತುದಿ ಪ್ಲಾಸ್ಟಿಕ್ ಜಾಲರಿಯ ತೂತಿನಿಂದ ಹೊರಗೆ ಇಣುಕುತ್ತಿತ್ತು, ಉಳಿದದ್ದು ಒಳಗೆ. ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದು ಎಳೆದೆ. ಈಗ ಸ್ವೀಪ್ ಶುದ್ಧವಾಗಿದೆ.

ಬೆಕ್ಕಿನದು. ನನ್ನ ತಲೆಯಲ್ಲಿ ಬಿಳಿ ಕೂದಲು ಅಷ್ಟು ಗಿಡ್ಡ ಇಲ್ಲ.

ಫೋಮ್ ಮತ್ತೆ ಹಾಕಬೇಕು ಅಂತ ಅರ್ಥವಾಯಿತು. ಮನೆಯಲ್ಲಿ ಪ್ಯಾಕಿಂಗ್ ಸ್ಪಂಜ್ ಇದೆ, ಕತ್ತರಿಸಿ ಹಾಕಬಹುದಾ?

ಕಿವಿಮಾತು:
ಬೇಡ. ಪ್ಯಾಕಿಂಗ್ ಸ್ಪಂಜ್ ದಟ್ಟವಾಗಿರುತ್ತದೆ, ಟ್ರೆಬಲ್ ನುಂಗುತ್ತದೆ. ಬಾಯಿಗೆ ಹಿಡಿದು ಊದಿದರೆ ಏನೂ ಅಡ್ಡ ಇಲ್ಲದ ಹಾಗೆ ಉಸಿರು ದಾಟಬೇಕು, ಅಂಥ ತೆಳು ಫೋಮ್ ಬೇಕು. ಈ ಮಾದರಿಗೆ ಬಿಡಿಯಾಗಿಯೇ ಸಿಗುತ್ತದೆ. ಕತ್ತರಿಸಿಯೇ ಹಾಕುವುದಾದರೆ ಮೊದಲು ಒಂದೇ ಕಡೆ ಹಾಕಿ, ಮೋನೋ ಹಾಡು ಕೇಳಿ. ಹಾಕಿದ ಕಡೆ ಮಂಕಾಗಿ ದನಿ ಇನ್ನೊಂದು ಕಡೆಗೆ ಜಗ್ಗಿದರೆ ಆ ಫೋಮ್ ಬೇಡ. ಯಾವ ಮಾಡಿಫಿಕೇಶನ್ ಮಾಡಿದರೂ ಇದೇ ಸುಲಭದ ಅಳತೆ. ಎರಡೂ ಕಡೆ ಮಾಡಿಬಿಟ್ಟರೆ ಕಿವಿ ಸ್ವಲ್ಪ ಹೊತ್ತಿನಲ್ಲಿ ಒಗ್ಗಿಕೊಂಡು ‘ಚೆನ್ನಾಗಿದೆ’ ಅಂದುಬಿಡುತ್ತದೆ.

ನೋವಿಗೆ ಅರ್ಧ ಕಾರಣ ಆ ದಪ್ಪ ಪ್ಯಾಡೇ. ದಪ್ಪ ಆದಷ್ಟೂ ಹೆಡ್‌ಬ್ಯಾಂಡ್ ಅಗಲವಾಗಿ ಚಾಚಬೇಕು, ಅಗಲವಾದಷ್ಟೂ ಅದು ಒಳಗೆ ಅದುಮುತ್ತದೆ. ಹೊಸ ವೆಲ್ವೆಟ್ ಪ್ಯಾಡ್ ಹಾಕಿದರೆ ಕನ್ನಡಕದ ಕಡ್ಡಿಗೂ ಜಾಗ ಕೊಡುತ್ತದೆ. ಆಮೇಲೂ ಬಿಗಿ ಅನಿಸಿದರೆ ಹೆಡ್‌ಬ್ಯಾಂಡ್ ಪೂರ್ತಿ ಎಳೆಯಿರಿ, ಹೊರಗೆ ಕಾಣುವ ಲೋಹದ ಪಟ್ಟಿಯನ್ನು ಎರಡೂ ಹೆಬ್ಬೆರಳಿನಲ್ಲಿ ಹಿಡಿದು ಸ್ವಲ್ಪವೇ ನೆಟ್ಟಗೆ ಮಾಡಿ. ಪ್ಲಾಸ್ಟಿಕ್ ಕಮಾನಿಗೆ ಬಲ ಬೀಳಬಾರದು. ಸ್ವಲ್ಪ ಬಾಗಿಸಿ, ಹಾಕಿ ನೋಡಿ, ಮತ್ತೆ ಸ್ವಲ್ಪ. ತೀರಾ ಸಡಿಲ ಆದರೆ ಪ್ಯಾಡ್ ಕೂರದೆ ಬೇಸ್ ಮತ್ತೆ ಹೋಗುತ್ತದೆ.

ಮಂದ್ರಸ್ಥಾಯಿ:
ವೆಲ್ವೆಟ್ ಪ್ಯಾಡ್ ಬಂತು, ಫೋಮ್ ಸಹ ಬಂತು. ಪಟ್ಟಿ ಎರಡೂ ಕಡೆ ಸ್ವಲ್ಪ ಬಾಗಿಸಿದೆ, ಕನ್ನಡಕ ಹಾಕಿಯೂ ಇಡೀ ಕಛೇರಿ ಕೇಳಬಹುದು. ತಳದ ಬೇಸ್ ಮಾತ್ರ ಲೆದರ್ ಪ್ಯಾಡ್ ಸರಿಯಾಗಿ ಕೂತಾಗ ಇದ್ದಷ್ಟು ಇಲ್ಲ. ಇದಕ್ಕೇನಾದರೂ ಅಂಟಿಸಬಹುದಾ?

ಸುಮ್ನೆ_ಕೇಳಿ:
ಏನನ್ನೂ ಅಂಟಿಸಬೇಡಿ ಮಾರಾಯ್ರೇ. ಈ ಹೆಡ್‌ಫೋನಿನ ಬೇಸ್ ಕೆಳಗೆ ಹೋದ ಹಾಗೆ ಇಳಿಯುವುದು ಅದರ ಗುಣ. ಈಗಲಾದರೂ ಈಕ್ವಲೈಜರ್ ಹಾಕಿ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಉಚಿತ. 105 ಹರ್ಟ್ಸ್‌ಗೆ ಒಂದು ಲೋ ಶೆಲ್ಫ್ (ಅದರ ಕೆಳಗಿನ ಸ್ವರಗಳನ್ನೆಲ್ಲ ಒಟ್ಟಿಗೆ ಎತ್ತುವ ಫಿಲ್ಟರ್), 4 ಡಿಬಿ ಮೇಲಕ್ಕೆ, ಕ್ಯೂ (ಏರಿಕೆ ಎಷ್ಟು ಕಡಿದಾಗಿರಬೇಕು ಅನ್ನುವುದು) 0.7. ಪ್ರೀಆ್ಯಂಪ್ (ಅದೇ ಆ್ಯಪ್‌ನಲ್ಲಿರುವ ಒಟ್ಟು ಸದ್ದಿನ ಮಟ್ಟ) ಅಷ್ಟೇ ಕೆಳಕ್ಕೆ, ಮೈನಸ್ 4 ಡಿಬಿ, ಇಲ್ಲದಿದ್ದರೆ ಜೋರಾದ ಕಡೆ ಒಡೆಯುತ್ತದೆ. ಹೀಗೆ ಮಾಡಿದರೆ ಒಟ್ಟು ಸದ್ದು ಕಡಿಮೆ ಆಗುತ್ತದೆ. 300 ಓಮ್ ಹೆಡ್‌ಫೋನಿಗೆ ವೋಲ್ಟೇಜ್ ಜಾಸ್ತಿ ಬೇಕು, ಹಾಗಾಗಿ ನಿಮ್ಮ ವಾಲ್ಯೂಮ್ ಈಗಾಗಲೇ ಕೊನೆಯ ಗೆರೆಯಲ್ಲಿದ್ದರೆ ಮೊದಲು ಆ್ಯಂಪ್ ನೋಡಿ. ಈಗ ಎಷ್ಟರಲ್ಲಿ ಕೇಳುತ್ತೀರಿ?

ಮಂದ್ರಸ್ಥಾಯಿ:
ಅರ್ಧಕ್ಕಿಂತ ಸ್ವಲ್ಪ ಮೇಲೆ. ಶೆಲ್ಫ್ ಹಾಕಿದೆ, 4 ಜಾಸ್ತಿ ಅನಿಸಿ 3ಕ್ಕೆ ಇಳಿಸಿದೆ. ತೊಪ್ಪಿಯ ಗುಮಕಿ ಸರಿಯಾಗಿ ಬರುತ್ತಿದೆ.