ಪದಚರ್ಚೆ: ಪೈಪನ್ನು ‘ಸೇದುವುದು’ ಸರಿಯೇ? ಕಾಳು ಬಿಡಿಸಿದ ಮೆಕ್ಕೆಜೋಳಕ್ಕೆ ನಿಮ್ಮ ಕಡೆ ಏನಂತಾರೆ?

ಗೆಳೆಯರಿಗೆ ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ನೆರವು ಬೇಕು. ನಾನು ದಾವಣಗೆರೆಯವನು. ಹೊಗೆಸೊಪ್ಪಿನ ಪೈಪು ನನ್ನ ಹಳೆಯ ಹವ್ಯಾಸ. ಪೈಪನ್ನು ಹೇಗೆ ತುಂಬಬೇಕು, ಹೇಗೆ ಹಚ್ಚಬೇಕು, ಹೇಗೆ ನೋಡಿಕೊಳ್ಳಬೇಕು ಅಂತ ಕನ್ನಡದಲ್ಲಿ ಒಂದು ಉದ್ದನೆಯ ಬರಹ ಬರೆಯುತ್ತಿದ್ದೇನೆ. ಪೈಪು ಅನ್ನುವ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಬಯಲುಸೀಮೆಯಲ್ಲಿ ಪೈಪು ಅಂದ ಕೂಡಲೇ ಬೋರ್‌ವೆಲ್ ನೆನಪಾಗುತ್ತದೆ, ನಿಜ. ಆದರೆ ‘ಬಾಯಲ್ಲಿ ಪೈಪು’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ‘ಧೂಮನಳಿಕೆ’ ಅಂತ ಹೊಸದಾಗಿ ಟಂಕಿಸುವುದು ನನಗೆ ಇಷ್ಟವಿಲ್ಲ. ನನ್ನ ತೊಂದರೆ ಇರುವುದು ಆ ಪೈಪಿಗೆ ನಾವು ಏನೇನು ಮಾಡುತ್ತೇವೋ ಅದರ ಮಾತುಗಳಲ್ಲಿ. ಅವಕ್ಕೆ ಬೇಕಾದ ಪದಗಳು ನಮ್ಮ ಬಾವಿಕಟ್ಟೆ, ಒಲೆ, ಹೊಲದಲ್ಲಿ ಆಗಲೇ ಇವೆ ಅನ್ನುವುದು ನನ್ನ ನಂಬಿಕೆ. ಹುಡುಕಿ ತರಬೇಕು ಅಷ್ಟೇ.

ಮೊದಲು ‘ಸೇದು’. ಬೀಡಿ ಸೇದುತ್ತಾರೆ, ಸಿಗರೇಟು ಸೇದುತ್ತಾರೆ. ಬಾವಿಯಿಂದ ನೀರನ್ನೂ ಸೇದುತ್ತಾರೆ. ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ‘ಸೇದೋ ಬಾವಿ’ ಅನ್ನುವ ಮಾತು ಈಗಲೂ ಕೇಳಿಸುತ್ತದೆ. ಆಳದಲ್ಲಿ ಇರುವುದನ್ನು ತೋಳಿನ ಬಲ ಹಾಕಿ ಮೇಲಕ್ಕೆ ಎಳೆಯುವ ಕೆಲಸ ಅದು. ಬೀಡಿಗೆ ಈ ಪದ ಚೆನ್ನಾಗಿ ಕೂರುತ್ತದೆ. ಬಿಟ್ಟೂ ಬಿಡದೆ ಎಳೆಯದಿದ್ದರೆ ಬೀಡಿ ಆರಿ ಹೋಗುತ್ತದೆ. ಹೊಗೆಯೂ ಎದೆಯವರೆಗೆ ಇಳಿಯುತ್ತದೆ. ನಮ್ಮಲ್ಲಿ ‘ಒಂದು ಜಗ್ಗು ಜಗ್ಗಿದ’ ಅಂತಲೂ ಅಂತಾರೆ. ಅದರಲ್ಲಿ ಬಲ ಇನ್ನೂ ಜಾಸ್ತಿ.

ಪೈಪಿಗೆ ಇದು ತದ್ವಿರುದ್ಧ. ಪೈಪಿನ ಹೊಗೆಯನ್ನು ಎದೆಗೆ ಇಳಿಸುವ ರೂಢಿ ಇಲ್ಲ. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ಬಿಡುತ್ತಾರೆ. ಜೋರಾಗಿ ಎಳೆದರೆ ಮರ ಕಾಯುತ್ತದೆ, ರುಚಿ ಕೆಡುತ್ತದೆ, ನಾಲಿಗೆ ಉರಿಯುತ್ತದೆ. ಬೆಂಕಿ ಇನ್ನೇನು ಆರಿತು ಅನ್ನುವಷ್ಟು ನಿಧಾನಕ್ಕೆ, ಉಸಿರಿನ ಜೊತೆಗೇ ಎಂಬಂತೆ ಎಳೆಯಬೇಕು. ಹೊಸಬರಿಗೆ ಕಲಿಸಲು ಕಷ್ಟವಾಗುವುದು ಇದೊಂದೇ. ‘ಸೇದಿ’ ಅಂತ ಬರೆದರೆ ಓದಿದವನು ಬೀಡಿಯ ಹಾಗೇ ಸೇದುತ್ತಾನೆ. ಪದವೇ ದಾರಿ ತಪ್ಪಿಸುತ್ತದೆ. ಹಾಗಾಗಿ ಈ ಚರ್ಚೆ ನನಗೆ ಸುಮ್ನೆ ಕಾಲಹರಣ ಅಲ್ಲ.

‘ಹೀರು’ ಅನ್ನಬಹುದು. ಆದರೆ ರಕ್ತ ಹೀರು, ಸಾರ ಹೀರು ಅನ್ನುವಾಗ ಏನನ್ನೂ ಉಳಿಸದೆ ಎಳೆದುಕೊಳ್ಳುವ ಭಾವ ಇರುತ್ತದೆ. ನನ್ನ ಮನಸ್ಸು ‘ಗುಟುಕು’ ಕಡೆಗೆ ಹೋಗುತ್ತಿದೆ. ಬಿಸಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ, ಆತುರಪಟ್ಟರೆ ಬಾಯಿ ಸುಡುತ್ತದೆ. ಪೈಪಿಗೆ ಬೇಕಾದ ಎಚ್ಚರವೂ ಅದೇ. ‘ಪೈಪನ್ನು ಗುಟುಕರಿಸಿ’ ಅಂದರೆ ಹೇಗೆ ಎಳೆಯಬೇಕು ಅನ್ನುವುದು ಆ ಪದದಲ್ಲೇ ಇದೆ.

ಇದನ್ನು ಗೆಳೆಯರೊಬ್ಬರ ಮುಂದೆ ಇಟ್ಟಾಗ ಅವರು ಒಪ್ಪಲಿಲ್ಲ. ಗುಟುಕು ಅಂದರೆ ನೀರಿನಂಥದ್ದು, ಗಂಟಲಿಗೆ ಇಳಿಯುವಂಥದ್ದು, ಹೊಗೆಗೆ ಹೇಗೆ ಹೊಂದುತ್ತದೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ‘ಧೂಮಪಾನ’ದಲ್ಲಿ ‘ಪಾನ’ ಇದೆಯಲ್ವಾ? ಹಿಂದಿಯಲ್ಲೂ ಬೀಡಿಯನ್ನು ಕುಡಿಯುತ್ತಾರೆ. ಧೂಮಪಾನ ಅನ್ನುವ ಪದವಂತೂ ಹೊಗೆಸೊಪ್ಪಿಗಿಂತ ತುಂಬಾ ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಗಿಡಮೂಲಿಕೆಗಳ ಬತ್ತಿ ಮಾಡಿ ಅದರ ಹೊಗೆ ತೆಗೆದುಕೊಳ್ಳುವ ಕ್ರಮ ಇದೆ. ಅದಕ್ಕೆ ಬಳಸುವ ಕೊಳವೆಗೆ ‘ಧೂಮನೇತ್ರ’ ಅಂತ ಹೆಸರು. ಅಲ್ಲಿ ತಂಬಾಕು ಇಲ್ಲ, ಇರಲು ಸಾಧ್ಯವೂ ಇಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು. ಅಂದರೆ ಹೊಗೆಯನ್ನು ‘ಕುಡಿಯುವ’ ಮಾತು ನಮಗೆ ಹೊಸದಲ್ಲ.

ಇನ್ನು ‘ಚಿಲುಮೆ’. ಪೈಪಿಗೆ ಚಿಲುಮೆ ಅಂತಲೇ ಯಾಕೆ ಕರೆಯಬಾರದು ಅಂತ ಕೆಲವರು ಕೇಳುತ್ತಾರೆ. ಎರಡೂ ಬೇರೆ ವಸ್ತು. ಚಿಲುಮೆ ನೆಟ್ಟಗೆ ಇರುವ ಮಣ್ಣಿನ ಕೊಳವೆ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು, ಕೈಯ ಸಂದಿನಿಂದ ಎಳೆಯುತ್ತಾರೆ. ಪೈಪಿಗೆ ಬಟ್ಟಲು ಬೇರೆ, ಕೊಳವೆ ಬೇರೆ, ಹಲ್ಲಲ್ಲಿ ಕಚ್ಚುವ ಮೂತಿ ಬೇರೆ. ಅದೂ ಅಲ್ಲದೆ ಈಗ ಚಿಲುಮೆ ಅಂದರೆ ಜನರ ಮನಸ್ಸಿಗೆ ಗಾಂಜಾ ಬರುತ್ತದೆ.

ಹಾಗಂತ ಆ ಪದವನ್ನು ಪೂರ್ತಿ ಬಿಡಲು ನನಗೆ ಮನಸ್ಸಿಲ್ಲ. ನೀರಿನ ಬುಗ್ಗೆಗೆ ಹೇಳುವ ಚಿಲುಮೆ ನಮ್ಮದೇ ಪದ, ತೆಲುಗಿನಲ್ಲಿ ‘ಚೆಲಮ’ ಇದೆ. ಹೊಗೆಯ ಚಿಲುಮೆ ಹಿಂದುಸ್ತಾನಿಯ ‘ಚಿಲಮ್’ ಮೂಲಕ ಬಂದದ್ದು. ಎರಡಕ್ಕೂ ಸಂಬಂಧ ಇಲ್ಲ. ಹುಕ್ಕಾದಲ್ಲಿ ಮೇಲೆ ತಂಬಾಕು, ಕೆಂಡ ಇಡುವ ಬಟ್ಟಲಿಗೆ ಮಾತ್ರ ಚಿಲಮ್ ಅನ್ನುತ್ತಾರೆ. ಆ ಅರ್ಥವನ್ನು ನಾವೂ ಬಳಸಬಹುದು ಅನಿಸುತ್ತದೆ. ಇಡೀ ವಸ್ತು ಪೈಪು, ಸೊಪ್ಪು ತುಂಬುವ ಬಟ್ಟಲು ಚಿಲುಮೆ. ‘ಬಟ್ಟಲು’ ಅಂತಲೇ ಸಾಕು ಅನ್ನುವವರು ಹೇಳಿ, ನಾನು ಹಟ ಹಿಡಿಯುವುದಿಲ್ಲ.

ಪೈಪನ್ನು ಇಂಗ್ಲಿಷರ ವಸ್ತು ಅಂತ ದೂರ ಇಡುವವರಿಗೆ ಒಂದು ಚರಿತ್ರೆಯ ಮಾತು. ಅಕ್ಬರನ ದೂತ ಅಸದ್ ಬೇಗ್ 17ನೇ ಶತಮಾನದ ಮೊದಲ ವರ್ಷಗಳಲ್ಲಿ ಬಿಜಾಪುರಕ್ಕೆ ಬಂದಿದ್ದ. ತಂಬಾಕನ್ನು ಅವನು ಕಂಡದ್ದು ಅಲ್ಲೇ. ರತ್ನ ಕೂರಿಸಿದ ಅಂದದ ಪೈಪಿನ ಜೊತೆ ಅದನ್ನು ಬಾದಶಹನ ಆಸ್ಥಾನಕ್ಕೆ ಒಯ್ದ. ಅಕ್ಬರ್ ಎಳೆದು ನೋಡಿದ, ವೈದ್ಯರು ಬೇಡ ಅಂದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಉತ್ತರದ ಮೊಗಲರಿಗೆ ಪೈಪು ತೋರಿಸಿದ್ದು ನಮ್ಮ ಕಡೆಯ ಊರು ಅನ್ನುವುದು ನೆನಪಿರಲಿ.

ಈಗ ನನಗೆ ತುಂಬಾ ಖುಷಿ ಕೊಟ್ಟ ಪದಕ್ಕೆ ಬರುತ್ತೇನೆ: ಪಳಗಿಸು. ಹೊಸ ಮರದ ಪೈಪನ್ನು ಮೊದಲ ದಿನವೇ ತುಂಬಾ ತುಂಬಿ ಉರಿಸಬಾರದು. ಅರ್ಧ ತುಂಬಿ, ನಿಧಾನವಾಗಿ, ಹಲವು ಸಲ ಉರಿಸಬೇಕು. ಆಗ ಒಳಗೋಡೆಗೆ ಕರಿಯ ಪದರ ಕೂರುತ್ತದೆ. ಆ ಪದರ ಮರವನ್ನು ಬೆಂಕಿಯಿಂದ ಕಾಯುತ್ತದೆ. ಇದಕ್ಕೆ ಪದ ಹುಡುಕುತ್ತಿದ್ದಾಗ ನಮ್ಮ ಬೆಣ್ಣೆದೋಸೆಯ ಅಡುಗೆಮನೆಯ ಮಾತೇ ಸಿಕ್ಕಿತು. ಹೊಸ ಹಂಚಿನ ಮೇಲೆ ದೋಸೆ ಏಳುವುದಿಲ್ಲ, ಅದನ್ನು ಪಳಗಿಸಬೇಕು. ಪಳಗಿದ ಕೈ, ಪಳಗಿದ ಎತ್ತು, ಪಳಗಿದ ಹಂಚು. ಪಳಗಿದ ಪೈಪು ಅಂದರೆ ವಿವರಣೆಯೇ ಬೇಡ.

ಆ ಕರಿಯ ಪದರಕ್ಕೆ ‘ಕಿಟ್ಟ’ ಅನ್ನುತ್ತೇನೆ. ದೀಪದ ಬತ್ತಿಗೆ ಕಿಟ್ಟ ಕಟ್ಟುತ್ತದೆ, ಕಬ್ಬಿಣಕ್ಕೆ ಕಿಟ್ಟ ಇದೆ. ಒಂದೇ ಒಂದು ಅನುಮಾನ: ಕಿಟ್ಟ ಅಂದರೆ ತೆಗೆದು ಬಿಸಾಡುವಂಥದ್ದು ಅನ್ನುವ ಭಾವ ಇದೆ. ಪೈಪಿನಲ್ಲಿ ಅದು ಬೇಕು. 1ರಿಂದ 1.5 ಮಿಲಿಮೀಟರು ದಪ್ಪ ಇದ್ದರೆ ಒಳ್ಳೆಯದು. ಅದಕ್ಕಿಂತ ದಪ್ಪವಾದರೆ ಕಾದಾಗ ಹಿಗ್ಗಿ ಮರವನ್ನೇ ಸೀಳುತ್ತದೆ, ಆಗ ಹೆರೆಯಬೇಕು. ‘ಹೆರೆ’ ಕೂಡ ನಮ್ಮ ಈಳಿಗೆಮಣೆಯ ಪದವೇ. ಕಿಟ್ಟಕ್ಕಿಂತ ಒಳ್ಳೆಯ ಪದ ಗೊತ್ತಿದ್ದರೆ ತಿಳಿಸಿ.

ಉರಿದು ಮುಗಿದ ಮೇಲೆ ತಳದಲ್ಲಿ ಅರೆಬೆಂದ, ತೇವದ ಸೊಪ್ಪು ಉಳಿಯುತ್ತದೆ. ಅದಕ್ಕೆ ‘ಚರಟ’. ಕಾಫಿಯ ಚರಟ ಎಲ್ಲರಿಗೂ ಗೊತ್ತು. ಮೋಟು ಬೀಡಿ ಬೇರೆ, ಅದು ಮತ್ತೆ ಹಚ್ಚಲು ಬರುತ್ತದೆ. ಚರಟ ಮತ್ತೆ ಬಳಕೆಗೆ ಬಾರದ್ದು. ಪೈಪು ತಣ್ಣಗಾದ ಮೇಲೆ ಅದನ್ನು ಕೊಡವುತ್ತೇವೆ. ಎಳೆಯುವಾಗ ಒಳಗೆ ಗುಡುಗುಡು ಸದ್ದು ಬಂದರೆ ಕೊಳವೆಯಲ್ಲಿ ನೀರು ಕಟ್ಟಿದೆ ಅಂತ ಅರ್ಥ. ನೂಲು ಸುತ್ತಿದ ತಂತಿ ತೂರಿಸಿ ಅದನ್ನು ಹೀರಿಸಬೇಕು. ಇದೇ ಸದ್ದು ಹುಕ್ಕಾಕ್ಕೆ ಭೂಷಣ, ಅದರಿಂದಲೇ ‘ಗುಡಗುಡಿ’ ಅನ್ನುವ ಹೆಸರು. 2024ರಲ್ಲಿ ಕರ್ನಾಟಕ ಸರ್ಕಾರ ನಿಷೇಧ ಹಾಕಿದಾಗ ಎಲ್ಲ ಕಡೆ ‘ಹುಕ್ಕಾ’ ಅಂತಲೇ ಓದಿದೆ. ಗುಡಗುಡಿ ಅನ್ನುವ ಚಂದದ ಪದ ಮರೆತೇ ಹೋಗುತ್ತಿದೆ ಅನಿಸಿತು.

ಅನುವಾದ ಮಾಡುವವರಿಗೆ ಒಂದು ಎಚ್ಚರಿಕೆ. ಹೆಚ್ಚಿನ ಪೈಪುಗಳನ್ನು ಬ್ರಯರ್ ಮರದಿಂದ ಮಾಡುತ್ತಾರೆ. ಮೆಡಿಟರೇನಿಯನ್ ಕರಾವಳಿಯ ಒಂದು ಪೊದೆಯ ಬುಡದಲ್ಲಿ ಬೆಳೆಯುವ ಗಂಟು ಅದು. ಅದನ್ನು ‘ಬೇರುಗಂಟು’ ಅಂದರೆ ತೊಂದರೆ ಇಲ್ಲ. ಇನ್ನೊಂದು ಬಗೆ ಮೀರ್ಶಾಮ್, ಟರ್ಕಿಯ ಎಸ್ಕಿಶೆಹಿರ್ ಸುತ್ತ ಅಗೆದು ತೆಗೆಯುವ ಹಗುರವಾದ ಬಿಳಿ ಕಲ್ಲು. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ‘ಕಡಲ ನೊರೆ’ ಅಂತ ಅರ್ಥ. ಅದನ್ನು ಹಾಗೇ ‘ಸಮುದ್ರ ನೊರೆ’ ಅಂತ ಇಳಿಸಿದರೆ ಎಡವಟ್ಟಾಗುತ್ತದೆ. ಗ್ರಂಧಿಗೆ ಅಂಗಡಿಗೆ ಹೋಗಿ ಸಮುದ್ರ ನೊರೆ ಕೇಳಿದರೆ ಕೊಡುವುದು ಕಡಲಜೀವಿಯೊಂದರ ಒಳ ಓಡನ್ನು, ಆಯುರ್ವೇದದ ಸಮುದ್ರಫೇನವನ್ನು. ಹಾಗಾಗಿ ಮೀರ್ಶಾಮ್ ಅಂತಲೇ ಇರಲಿ, ‘ಬಿಳಿ ಕಲ್ಲಿನ ಪೈಪು’ ಅಂತ ವಿವರಿಸೋಣ. ಸೇದುತ್ತಾ ಹೋದಂತೆ ಆ ಬಿಳಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. (ನೋಡಿ, ಇಲ್ಲಿ ನನ್ನ ಕೈಯಿಂದಲೂ ‘ಸೇದು’ ಬಂದುಬಿಟ್ಟಿತು. ಆ ಪದದ ಬಲ ಅಷ್ಟಿದೆ.)

ಸೊಪ್ಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ರೈತರ ಬಾಯಲ್ಲಿ ಪದಗಳು ಸಿದ್ಧವಾಗಿವೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ (ಸೊಪ್ಪು ಒಣಗಿಸುವ ಮನೆಯಲ್ಲಿ) ‘ಹದ’ ಮಾಡುತ್ತಾರೆ. ಪೈಪಿಗೆ ತುಂಬುವ ಮುಂಚೆ ಸೊಪ್ಪಿನಲ್ಲಿ ಎಷ್ಟು ತೇವ ಇರಬೇಕು ಅನ್ನುವುದಕ್ಕೂ ‘ಹದ’ವೇ ಸರಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬಾರದು, ಮುದ್ದೆಯೂ ಕಟ್ಟಬಾರದು. ವರ್ಜೀನಿಯಾದ ಒಣಹುಲ್ಲಿನಂಥ ವಾಸನೆಗೆ ‘ಸೊಗಡು’ ಅಂತ ಬರೆದಿದ್ದೇನೆ. ಸಿರಿಯಾದ ಬಂದರಿನ ಹೆಸರು ಹೊತ್ತ ಲಟಾಕಿಯಾ ಸೊಪ್ಪನ್ನು ಸೌದೆಯ ಹೊಗೆ ಹಾಕಿ ಒಣಗಿಸುತ್ತಾರೆ. ಅದಕ್ಕೆ ‘ಘಾಟು’ ಅಂತ ಮೊದಲು ಬರೆದಿದ್ದೆ. ಆದರೆ ಘಾಟು ಮೂಗಿಗೆ ಹೊಡೆಯುವಂಥದ್ದು, ಮೆಣಸಿನಕಾಯಿ ಸುಟ್ಟಂತೆ. ಲಟಾಕಿಯಾ ಹೊಡೆಯುವುದಿಲ್ಲ, ಕವಿದುಕೊಳ್ಳುತ್ತದೆ. ‘ಹೊಗೆಗಂಪು’ ಅನ್ನಬಹುದೇ?

ಹೊಗೆಸೊಪ್ಪು ಅನ್ನುವ ಪದವೂ ಒಂದು ಕುತೂಹಲ. ತಮಿಳಿನ ‘ಪುಗೈಯಿಲೈ’, ತೆಲುಗಿನ ‘ಪೊಗಾಕು’ ಎರಡೂ ‘ಹೊಗೆ ಎಲೆ’. ಕನ್ನಡ ಮಾತ್ರ ಸೊಪ್ಪು ಅಂದಿತು. ಎಲೆ ಅಂದರೆ ನಮಗೆ ವೀಳ್ಯದೆಲೆ, ಅದರ ಜೊತೆಗೇ ಹಾಕಿಕೊಳ್ಳುವುದಕ್ಕೆ ಮತ್ತೆ ಎಲೆ ಅಂದರೆ ಗೊಂದಲ ಅಂತ ಹಾಗಾಯಿತೇ? ತಿಳಿದವರು ಹೇಳಬೇಕು.

‘ಹವ್ಯಾಸ’ವೋ ‘ಚಟ’ವೋ ಅನ್ನುವ ಪ್ರಶ್ನೆಯೂ ಇದೆ. ಮರದ ಗೆರೆ ನೋಡುವುದು, ಪೈಪು ಉಜ್ಜಿ ಮಿರುಗಿಸುವುದು, ಸೊಪ್ಪು ಬೆರೆಸುವುದು, ಸಂಜೆ ನಿಧಾನವಾಗಿ ಕೂರುವುದು, ಇದೆಲ್ಲ ಹವ್ಯಾಸವೇ. ಆದರೆ ನಿಕೋಟಿನ್ ಬಾಯಿಯ ಒಳಗಿನಿಂದಲೇ ರಕ್ತಕ್ಕೆ ಸೇರುತ್ತದೆ. ಹೊಗೆಯನ್ನು ಎದೆಗೆ ಇಳಿಸದಿದ್ದರೂ ತುಟಿ, ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಬರಹದ ಮೊದಲ ಪುಟದಲ್ಲೇ ಇದನ್ನು ಹೇಳಿದ್ದೇನೆ. ಹಾಗಾಗಿ ಎರಡೂ ಪದ ಬಳಸುತ್ತೇನೆ. ಅಂದ ಹಾಗೆ, ನಮ್ಮ ಊರಿನ ಮರಾಠಿ ಮನೆಮಾತಿನವರಿಗೆ ‘ಹವ್ಯಾಸ್’ ಅಂದರೆ ದುರಾಸೆ. ಅವರು ಓದುವಾಗ ಏನನ್ನಿಸುತ್ತದೋ ಕೇಳಬೇಕು.

ಕೊನೆಯದಾಗಿ ನನಗೆ ನಿಜಕ್ಕೂ ಉತ್ತರ ಬೇಕಿರುವ ಎರಡು ಪದಗಳು.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ವಾಷಿಂಗ್ಟನ್ ಅನ್ನುವ ಸಣ್ಣ ಊರಿದೆ. ಅಲ್ಲಿ ಹೆನ್ರಿ ಟಿಬ್ಬೆ ಅನ್ನುವ ಡಚ್ ಮೂಲದ ಮರಗೆಲಸದವನು 1869ರಲ್ಲಿ ಮೆಕ್ಕೆಜೋಳದಿಂದ ಪೈಪು ಮಾಡಲು ಶುರುಮಾಡಿದ. 1878ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾಳು ಬಿಡಿಸಿದ ಮೇಲೆ ಉಳಿಯುವ ಭಾಗವನ್ನು ಒಣಗಿಸಿ, ಕೊರೆದು, ಹೊರಗಿನ ತೂತುಗಳಿಗೆ ಗಾರೆ ಮೆತ್ತಿ ಮಾಡುತ್ತಾರೆ. ಅಗ್ಗ, ಹಗುರ, ಹೊಸಬರಿಗೆ ಬಲು ಒಳ್ಳೆಯದು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ನಾಡು. ಸುಗ್ಗಿಯಲ್ಲಿ ರಸ್ತೆಯ ಮೇಲೆಲ್ಲ ಕಾಳು ಒಣಗುತ್ತಿರುತ್ತದೆ. ಉಳಿದ ಭಾಗ ಹಂಡೆಯ ಒಲೆಗೆ ಹೋಗುತ್ತದೆ. ಅದನ್ನು ನಾನು ‘ಬೆಂಡು’ ಅನ್ನುತ್ತೇನೆ. ‘ದಿಂಡು’ ಅನ್ನುವುದನ್ನೂ ಕೇಳಿದ್ದೇನೆ, ಆದರೆ ಅದು ನನಗೆ ಬಾಳೆಗೆ ಹೊಂದುತ್ತದೆ. ಕಾಳಿಗೇ ಹಾವೇರಿ ಕಡೆ ಗೋವಿನಜೋಳ, ಮೈಸೂರು ಕಡೆ ಮುಸುಕಿನ ಜೋಳ ಅನ್ನುವಾಗ ಬೆಂಡಿಗೂ ಬೇರೆ ಬೇರೆ ಹೆಸರು ಇರಲೇಬೇಕು. ‘ಬೆಂಡಿನ ಪೈಪು’ ಅಂದರೆ ನಿಮಗೆ ತಕ್ಷಣ ಅರ್ಥ ಆಗುತ್ತದೆಯೇ?

ಎರಡನೆಯದು, ಹಚ್ಚಿದ ಮೇಲೆ ಉಬ್ಬಿ ಬರುವ ಸೊಪ್ಪನ್ನು, ಬೂದಿಯನ್ನು ಸಣ್ಣ ಕಡ್ಡಿಯಿಂದ ಮೆಲ್ಲಗೆ ಕೆಳಗೆ ಒತ್ತುವ ಕೆಲಸ. ‘ತುರುಕು’ ಖಂಡಿತ ಅಲ್ಲ, ಹೊಗೆಯ ದಾರಿ ಕಟ್ಟುತ್ತದೆ. ‘ಅಮುಕು’ ಅಂದರೆ ಬಲ ಜಾಸ್ತಿ. ‘ಅದುಮು’ ಹತ್ತಿರ ಬರುತ್ತದೆ. ‘ಬೂದಿ ಕೂರಿಸು’ ಅಂತ ಸದ್ಯಕ್ಕೆ ಬರೆದಿದ್ದೇನೆ, ಗಿಡ ನೆಟ್ಟು ಬುಡಕ್ಕೆ ಮಣ್ಣು ಕೂರಿಸುವಂತೆ. ಆ ಕಡ್ಡಿಗೆ ಮಾತ್ರ ಇನ್ನೂ ಹೆಸರು ಸಿಕ್ಕಿಲ್ಲ.

ಉತ್ತರಿಸುವವರು ತಮ್ಮ ತಾಲ್ಲೂಕಿನ ಹೆಸರನ್ನೂ ಬರೆಯಿರಿ. ಜಗಳೂರು, ಹೊಳಲ್ಕೆರೆಯವರ ಮಾತು ನನಗೆ ಸ್ವಲ್ಪ ಗೊತ್ತು. ಚಳ್ಳಕೆರೆ, ಮೊಳಕಾಲ್ಮುರು ಕಡೆ, ಅದರಲ್ಲೂ ಮನೆಯಲ್ಲಿ ತೆಲುಗು ಆಡುವವರು ಬೆಂಡಿಗೆ ಏನನ್ನುತ್ತಾರೆ, ಹಳಬರು ಚಿಲುಮೆಯ ಬಗ್ಗೆ ಯಾವ ಯಾವ ಮಾತು ಆಡುತ್ತಿದ್ದರು ಅನ್ನುವುದು ಮುಖ್ಯವಾಗಿ ಬೇಕು.