ಜಪಾನ್‌ನಿಂದ ತರಿಸಿದ ಹಳೇ ಗೇಮ್ ಕನ್ಸೋಲ್‌ಗಳಿಗೆ ಯಾವ ಅಡಾಪ್ಟರ್ ಹಾಕಬೇಕು?

ಪಿಕ್ಸೆಲ್‌ಪುಟ್ಟ

ಎಲ್ಲರಿಗೂ ನಮಸ್ಕಾರ. ಜಪಾನ್‌ನಿಂದ ನಿಂಟೆಂಡೋದ ಒಂದು ಫ್ಯಾಮಿಕಾಮ್, ಸೆಗಾದ ಒಂದು ಮೆಗಾ ಡ್ರೈವ್ 2, ಒಂದು ಸೆಗಾ ಸ್ಯಾಟರ್ನ್ ತರಿಸಿಕೊಂಡಿದ್ದೇನೆ. ಫ್ಯಾಮಿಕಾಮ್ ಜೊತೆ ಅದರದ್ದೇ ಅಡಾಪ್ಟರ್ ಬಂದಿದೆ, ಮೇಲೆ ಎಚ್‌ವಿಸಿ-002 ಅಂತ ಇದೆ. ಮೆಗಾ ಡ್ರೈವ್‌ಗೆ ಅಡಾಪ್ಟರೇ ಬಂದಿಲ್ಲ. ಸ್ಯಾಟರ್ನ್‌ಗೆ ಬರೀ ವೈರ್, ಪವರ್ ಸಪ್ಲೈ ಒಳಗೇ ಇದೆಯಂತೆ.

ಗೋಡೆಯ ಸಾಕೆಟ್‌ನಲ್ಲಿ ಬರೋದು 230 ವೋಲ್ಟ್. ಚಪ್ಪಟೆ ಪಿನ್ ಕೂರಿಸೋಕೆ ಟ್ರಾವೆಲ್ ಪ್ಲಗ್ ಇದೆ, ಅದನ್ನ ಹಾಕಿ ನೇರವಾಗಿ ಚುಚ್ಚಿದರೆ ಆಗುತ್ತಾ? ಅಣ್ಣನ ಹತ್ತಿರ ಅಮೆರಿಕದ ಎನ್‌ಇಎಸ್ (ಫ್ಯಾಮಿಕಾಮ್‌ನ ಅಲ್ಲಿನ ರೂಪ) ಅಡಾಪ್ಟರ್ ಕೂಡ ಇದೆ, ಅದರ ಪಿನ್ ಫ್ಯಾಮಿಕಾಮ್‌ಗೆ ಚೆನ್ನಾಗೇ ಕೂರುತ್ತೆ, 9 ವೋಲ್ಟ್ ಅಂತಲೂ ಬರೆದಿದೆ. ಇಲ್ಲಾಂದ್ರೆ ವೋಲ್ಟೇಜ್ ಬದಲಾಯಿಸುವ ಸ್ವಿಚ್, ಏಳೆಂಟು ತುದಿ ಇರುವ ಯೂನಿವರ್ಸಲ್ ಅಡಾಪ್ಟರ್ ಒಂದನ್ನು ತಗೊಂಡು ಎಲ್ಲಕ್ಕೂ ಅದನ್ನೇ ಹಾಕಿಬಿಡಲಾ? ಇನ್ನೂ ಯಾವುದಕ್ಕೂ ಕರೆಂಟ್ ಕೊಟ್ಟಿಲ್ಲ.

ಹಳೇಬೋರ್ಡ್

ಕರೆಂಟ್ ಕೊಡದೆ ಕೇಳಿದ್ದು ಒಳ್ಳೇದಾಯ್ತು. ಟ್ರಾವೆಲ್ ಪ್ಲಗ್ ಪಿನ್ನಿನ ಆಕಾರ ಮಾತ್ರ ಬದಲಾಯಿಸುತ್ತೆ, ವೋಲ್ಟೇಜ್ ಮುಟ್ಟೋದೇ ಇಲ್ಲ. ನಿಮ್ಮ ಎಚ್‌ವಿಸಿ-002 ಜಪಾನ್‌ನ 100 ವೋಲ್ಟ್‌ಗೆ ಮಾಡಿದ್ದು. ಅದಕ್ಕೆ 230 ಕೊಟ್ಟರೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಒಳಗಿರೋದು ಹಳೇ ಕಾಲದ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಗುಂಯ್ ಅಂತ ಸದ್ದು ಮಾಡಿ ಕಾಯೋಕೆ ಶುರು ಮಾಡುತ್ತೆ. ಅದೃಷ್ಟ ಇದ್ದರೆ ಅದರ ಫ್ಯೂಸ್ ಮೊದಲು ಹೋಗುತ್ತೆ. ಇಲ್ಲದಿದ್ದರೆ ಅದು ಸುಡೋವರೆಗೂ ಆಚೆ ಕಡೆಯಲ್ಲಿ 10 ವೋಲ್ಟ್ ಬರಬೇಕಾದ ಜಾಗದಲ್ಲಿ 20 ದಾಟಿ ಬರುತ್ತೆ, ಅದು ಸೀದಾ ಕನ್ಸೋಲ್‌ಗೆ.

ಪಿನ್ ಕೂತಿತು ಅನ್ನೋದಕ್ಕೆ ಯಾವ ಬೆಲೆಯೂ ಇಲ್ಲ. ಒಂದೇ ಅಳತೆಯ ಪಿನ್ನಿನಲ್ಲಿ ಎಸಿ (ದಿಕ್ಕು ಬದಲಾಗ್ತಾ ಇರುವ ಕರೆಂಟ್), ಡಿಸಿ (ಒಂದೇ ದಿಕ್ಕಿನದ್ದು), ನೇರ, ಉಲ್ಟಾ ಎಲ್ಲ ಬರುತ್ತವೆ. ನೋಡಬೇಕಾದ್ದು ಲೇಬಲ್. ಅಡಾಪ್ಟರ್ ಬೆನ್ನಿನದ್ದೂ ನೋಡಿ, ಕನ್ಸೋಲ್ ತಳದಲ್ಲಿರುವುದನ್ನೂ ನೋಡಿ.

ಮೊದಲು ಇನ್‌ಪುಟ್. 100-240 ಅಂತ ಇದ್ದರೆ ಎಲ್ಲಿ ಬೇಕಾದರೂ ಚುಚ್ಚಬಹುದು. ಬರೀ 100 ಅಥವಾ 120 ಅಂತ ಇದ್ದರೆ 230ಕ್ಕೆ ಹತ್ತಿರವೂ ತರಬೇಡಿ. ಆಮೇಲೆ ಔಟ್‌ಪುಟ್ ಎಸಿಯೋ ಡಿಸಿಯೋ ನೋಡಿ. ಅಲೆಯಂಥ ಗೆರೆ ಇದ್ದರೆ ಎಸಿ, ಒಂದು ನೇರ ಗೆರೆ ಅದರ ಕೆಳಗೆ ಚುಕ್ಕಿಗೆರೆ ಇದ್ದರೆ ಡಿಸಿ. ಡಿಸಿ ಆದರೆ ಪೊಲಾರಿಟಿ ಚಿತ್ರ ಹುಡುಕಿ, ನಡುವಿನ ಚುಕ್ಕಿಯಿಂದ ಹೊರಟ ಗೆರೆ ಪ್ಲಸ್ ಕಡೆ ಹೋಗಿದೆಯೋ ಮೈನಸ್ ಕಡೆಯೋ ಅಂತ. ಫ್ಯಾಮಿಕಾಮ್‌ಗೆ ನಡುವೆ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ರೂಟರ್, ಸಿಸಿಟಿವಿ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ನಡುವೆ ಪ್ಲಸ್. ಪಿನ್ ಅದೇ, ವೋಲ್ಟೇಜೂ ಅದೇ ಇರಬಹುದು, ಆದರೆ ಉಲ್ಟಾ. ಇಲ್ಲೇ ಜನ ಜಾಸ್ತಿ ಸುಟ್ಟುಕೊಳ್ಳೋದು.

ಕೊನೆಗೆ ಆಂಪಿಯರ್. ಎಚ್‌ವಿಸಿ-002 ಔಟ್‌ಪುಟ್ 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್. ಹೊಸ ಅಡಾಪ್ಟರ್ 1 ಆಂಪಿಯರ್, 2 ಆಂಪಿಯರ್ ಇದ್ದರೆ ತೊಂದರೆ ಇಲ್ಲ, ಕನ್ಸೋಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ. ಕಡಿಮೆ ಇದ್ದರೆ ಮಾತ್ರ ಸಮಸ್ಯೆ. ವೋಲ್ಟೇಜ್‌ಗೆ ಈ ರಿಯಾಯಿತಿ ಇಲ್ಲ.

ಕಾರ್ಟ್ರಿಜ್‌ಪ್ರೇಮಿ

ಅಣ್ಣನ ಎನ್‌ಇಎಸ್ ಅಡಾಪ್ಟರ್ ವಿಷಯ ಹಳೇಬೋರ್ಡ್ ಬಿಟ್ಟುಬಿಟ್ಟರು, ಅದೇ ಎಲ್ಲಕ್ಕಿಂತ ಅಪಾಯದ್ದು. ಎನ್‌ಇಎಸ್-002 ಕೊಡೋದು 9 ವೋಲ್ಟ್ ಎಸಿ. ಡಿಸಿ ಅಲ್ಲ. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡೋಕೆ ಬ್ರಿಡ್ಜ್ ರೆಕ್ಟಿಫೈಯರ್ ಇದೆ, ಅದಕ್ಕೇ ಎನ್‌ಇಎಸ್‌ಗೆ ಎಸಿ ಕೊಟ್ಟರೂ ನಡೆಯುತ್ತೆ, ಡಿಸಿ ಕೊಟ್ಟರೂ ನಡೆಯುತ್ತೆ, ಪೊಲಾರಿಟಿ ಹೇಗಿದ್ದರೂ ನಡೆಯುತ್ತೆ. ಫ್ಯಾಮಿಕಾಮ್‌ನಲ್ಲಿ ಅದಿಲ್ಲ. ಎಸಿ ಕೊಟ್ಟರೆ ಒಳಗಿನ ರೆಗ್ಯುಲೇಟರ್‌ಗೂ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಭಾಗ) ಕೆಪಾಸಿಟರ್‌ಗೂ (ಚಾರ್ಜ್ ಹಿಡಿದಿಡುವ ಭಾಗ) ಸೆಕೆಂಡಿಗೆ ಎಷ್ಟೋ ಸಲ ಉಲ್ಟಾ ಕರೆಂಟ್ ಹೊಡೆಯುತ್ತೆ. ಒಂದೇ ಕಂಪನಿ, ಹೆಚ್ಚುಕಡಿಮೆ ಅದೇ ಯಂತ್ರ, ಅದೇ ಪಿನ್, ಆದರೂ ಹೀಗೆ. ಸೂಪರ್ ಫ್ಯಾಮಿಕಾಮ್ ತಗೊಂಡರೂ ಇದನ್ನೇ ನೆನಪಿಟ್ಟುಕೊಳ್ಳಿ. ಅದಕ್ಕೂ ಎಚ್‌ವಿಸಿ-002 ಅಡಾಪ್ಟರೇ, ಆದರೆ ಯುರೋಪಿನ ಸೂಪರ್ ನಿಂಟೆಂಡೋಗೆ ಎಸಿ ಅಡಾಪ್ಟರ್.

ಮೆಗಾ ಡ್ರೈವ್‌ದು ಇನ್ನೊಂದು ತಮಾಷೆ. ಮೊದಲ ಮಾಡೆಲ್‌ಗೆ ಫ್ಯಾಮಿಕಾಮ್ ಥರವೇ ದಪ್ಪ ಪಿನ್, ನಡುವೆ ಮೈನಸ್. ನಿಮ್ಮ ಮಾಡೆಲ್ 2ಕ್ಕೆ ಹಳದಿ ತುದಿಯ ಸ್ವಲ್ಪ ಸಣ್ಣ ಪಿನ್, ನಡುವೆ ಪ್ಲಸ್, 10 ವೋಲ್ಟ್ 0.85 ಆಂಪಿಯರ್. ಆ ಪಿನ್ ಬೇಕಿದ್ದರೆ ಇಐಎಜೆ-03 ಅಂತ ಹುಡುಕಿ. ಮಾಡೆಲ್ 1ರ ಅಡಾಪ್ಟರ್‌ಗೆ ಸಣ್ಣ ತುದಿ ಸಿಕ್ಕಿಸಿ ಮಾಡೆಲ್ 2ಕ್ಕೆ ಹಾಕುವವರು ಇದ್ದಾರೆ, ತುದಿ ಬದಲಾಯಿತೇ ಹೊರತು ಪೊಲಾರಿಟಿ ಬದಲಾಗಲಿಲ್ಲ, ಅಲ್ವಾ?

ಯೂನಿವರ್ಸಲ್ ಅಡಾಪ್ಟರ್ ನನಗೆ ಇಷ್ಟ ಇಲ್ಲ. ತುದಿಯನ್ನು ತಿರುಗಿಸಿ ಚುಚ್ಚಿದರೆ ಪೊಲಾರಿಟಿ ಉಲ್ಟಾ ಆಗುವಂಥ ವಿನ್ಯಾಸ ಎಷ್ಟೋ ಮಾಡೆಲ್‌ಗಳಲ್ಲಿ ಇದೆ. ಎರಡು ಕನ್ಸೋಲ್ ಮಧ್ಯೆ ದಿನಾ ಬದಲಾಯಿಸುವಾಗ ಒಂದು ದಿನ ಕೈ ತಪ್ಪೇ ತಪ್ಪುತ್ತೆ. ಮನೆಯಲ್ಲಿ ಮಕ್ಕಳಿದ್ದರಂತೂ ವೋಲ್ಟೇಜ್ ಸ್ವಿಚ್ಚನ್ನು ಸುಮ್ನೆ ಬಿಡ್ತಾರಾ? ಪ್ರತಿ ಕನ್ಸೋಲ್‌ಗೆ ಒಂದೊಂದು ಅಡಾಪ್ಟರ್ ಇಟ್ಟು, ವೈರಿನ ತುದಿಗೆ ಟೇಪ್ ಸುತ್ತಿ ಕನ್ಸೋಲ್ ಹೆಸರು ಬರೆದುಬಿಡಿ.

ಗಿಟಾರ್‌ಗುಂಡ

ಫ್ಯಾಮಿಕಾಮ್‌ಗೆ ಸುಲಭದ ದಾರಿ ಹೇಳ್ತೀನಿ. ಗಿಟಾರ್ ಎಫೆಕ್ಟ್ ಪೆಡಲ್‌ಗಳ ಅಡಾಪ್ಟರ್ ನೋಡಿ. ಆ ಲೋಕದಲ್ಲಿ 9 ವೋಲ್ಟ್ ಡಿಸಿ, ನಡುವೆ ಮೈನಸ್, 2.1 ಮಿಲಿಮೀಟರ್ ಪಿನ್ ಅನ್ನೋದು ರೂಢಿಯಾಗಿಬಿಟ್ಟಿದೆ. ಫ್ಯಾಮಿಕಾಮ್‌ಗೆ ಬೇಕಾದ್ದೂ ಹೆಚ್ಚುಕಡಿಮೆ ಅದೇ. ಮೆಗಾ ಡ್ರೈವ್ 1ಕ್ಕೂ ಆಗುತ್ತೆ. ಇನ್‌ಪುಟ್ 100-240, ಔಟ್‌ಪುಟ್ 1 ಆಂಪಿಯರ್ ಅಥವಾ ಜಾಸ್ತಿ ಇರೋದನ್ನೇ ಆರಿಸಿ. ಸಣ್ಣ ಪೆಡಲ್‌ಗಳಿಗೆ ಅಂತ ಬರುವ 200, 300 ಮಿಲಿಆಂಪಿಯರ್‌ದು ತಗೋಬೇಡಿ, ಆಟದ ಮಧ್ಯೆ ಕನ್ಸೋಲ್ ರೀಸೆಟ್ ಆಗ್ತಾ ಇರುತ್ತೆ, ನೀವು ಕಾರ್ಟ್ರಿಜ್ ಊದಿ ಊದಿ ಸುಸ್ತಾಗ್ತೀರಿ.

ಪಿಕ್ಸೆಲ್‌ಪುಟ್ಟ

ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಅಡಾಪ್ಟರ್ ಮೇಲೆ 10 ವೋಲ್ಟ್ ಅಂತ ಇರುವಾಗ 9 ವೋಲ್ಟ್ ಹಾಕಿದರೆ ಸಾಲುತ್ತಾ? ಹಾಗೇ ಸ್ನೇಹಿತರ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ (230 ವೋಲ್ಟನ್ನು 100ಕ್ಕೆ ಇಳಿಸುವಂಥದ್ದು) ತಂದು, ಅದರ 100 ವೋಲ್ಟ್ ಸಾಕೆಟ್‌ನಲ್ಲಿ ಎಚ್‌ವಿಸಿ-002 ಹಾಕಿ ಮಲ್ಟಿಮೀಟರ್‌ನಲ್ಲಿ ನೋಡಿದೆ, 14 ವೋಲ್ಟ್ ಹತ್ತಿರ ತೋರಿಸ್ತಿದೆ. ಅಡಾಪ್ಟರ್ ಕೆಟ್ಟಿದೆಯಾ?

ಹಳೇಬೋರ್ಡ್

ಕೆಟ್ಟಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ರೆಗ್ಯುಲೇಟರ್ ಇರಲ್ಲ. ಏನೂ ಸಿಕ್ಕಿಸದೆ ಅಳೆದರೆ ಬರೆದದ್ದಕ್ಕಿಂತ ಜಾಸ್ತಿ ತೋರಿಸುತ್ತೆ, 850 ಮಿಲಿಆಂಪಿಯರ್ ಎಳೆದಾಗ 10ಕ್ಕೆ ಇಳಿಯುತ್ತೆ. ಹೊಸ ಸ್ವಿಚಿಂಗ್ ಅಡಾಪ್ಟರ್ (ಈಗಿನ ಹಗುರ ಎಲೆಕ್ಟ್ರಾನಿಕ್ ಬಗೆ) ಹಾಗಲ್ಲ, ಲೋಡ್ ಇರಲಿ ಇಲ್ಲದಿರಲಿ 9 ಅಂದರೆ 9ರ ಹತ್ತಿರವೇ ನಿಲ್ಲುತ್ತೆ.

9 ಸಾಲುತ್ತೆ, ಅಷ್ಟೇ ಅಲ್ಲ, 9 ಹಾಕಿದರೇ ಒಳ್ಳೇದು. ಫ್ಯಾಮಿಕಾಮ್ ಒಳಗೆ 7805 ಅನ್ನೋ ಮೂರು ಕಾಲಿನ ರೆಗ್ಯುಲೇಟರ್ ಇದೆ. ಹೊರಗಿಂದ ಬಂದದ್ದನ್ನು ಅದು 5 ವೋಲ್ಟ್‌ಗೆ ಇಳಿಸುತ್ತೆ, ಉಳಿದದ್ದನ್ನೆಲ್ಲ ಶಾಖ ಮಾಡಿ ಕಳೆಯುತ್ತೆ. ಲೆಕ್ಕ ಸುಲಭ. ಕನ್ಸೋಲ್ ಅರ್ಧ ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ, 9 ವೋಲ್ಟ್ ಕೊಟ್ಟರೆ 4 ವೋಲ್ಟ್ ಹೆಚ್ಚುವರಿ, ಅಂದರೆ 2 ವ್ಯಾಟ್ ಶಾಖ. 12 ವೋಲ್ಟ್ ಕೊಟ್ಟರೆ 3.5 ವ್ಯಾಟ್. ಆಟ ಎರಡರಲ್ಲೂ ಒಂದೇ ಥರ ನಡೆಯುತ್ತೆ, ಒಳಗಿನ ಹಳೇ ಕೆಪಾಸಿಟರ್‌ಗಳು ಮಾತ್ರ ಬೇಯುತ್ತವೆ. ಹಾಗಂತ ತೀರಾ ಕೆಳಗೂ ಹೋಗಬೇಡಿ. 7805ಕ್ಕೆ 5ರ ಮೇಲೆ ಸುಮಾರು 2 ವೋಲ್ಟ್ ಬೇಕು, 7ಕ್ಕಿಂತ ಕೆಳಗೆ ಬಂದರೆ ತಡವರಿಸುತ್ತೆ. ಮೆಗಾ ಡ್ರೈವ್ 2ಕ್ಕೂ ಇದೇ ಮಾತು. 9 ವೋಲ್ಟ್, ನಡುವೆ ಪ್ಲಸ್, 1 ಆಂಪಿಯರ್, ಇಐಎಜೆ-03 ತುದಿ ಸಿಕ್ಕಿದರೆ ಕಣ್ಣು ಮುಚ್ಚಿ ಹಾಕಬಹುದು.

ಕಣ್ಣು ಮುಚ್ಚಿ ಅಂದೆ, ಆದರೆ ಹೊಸದು ಬಂದ ದಿನ ಮೀಟರ್ ಹಿಡಿಯದೆ ಹಾಕಬೇಡಿ. ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ತಂತಿಯ ಮೊನೆಯನ್ನು ಪಿನ್ನಿನ ತೂತಿನೊಳಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಮುಟ್ಟಿಸಿ. ಒಳಗೆ ಹೊರಗೆ ಎರಡಕ್ಕೂ ಒಂದೇ ಮೊನೆ ತಗುಲದಂತೆ ನೋಡಿಕೊಳ್ಳಿ. ಪರದೆಯಲ್ಲಿ ಸಂಖ್ಯೆ ಹಿಂದೆ ಮೈನಸ್ ಗುರುತು ಬಂದರೆ ನಡುವೆ ಮೈನಸ್. ಸೊನ್ನೆ ಹತ್ತಿರ ಬಂದು, ಎಸಿಗೆ ತಿರುಗಿಸಿದಾಗ 9, 10 ತೋರಿಸಿದರೆ ಅದು ಎಸಿ ಅಡಾಪ್ಟರ್, ತೆಗೆದಿಡಿ. ಲೇಬಲ್ ತಪ್ಪಿರೋದು ಅಪರೂಪ, ಆದರೆ ಯಾರೋ ಹಿಂದೆ ವೈರ್ ಕತ್ತರಿಸಿ ಬೇರೆ ಪಿನ್ ಬೆಸುಗೆ ಹಾಕಿರೋದು ಅಪರೂಪ ಅಲ್ಲ.

ರೇಖೆಗಾರ

ನಾನು ಸ್ವಲ್ಪ ಒಪ್ಪಲ್ಲ. ಎಲ್ಲರೂ ಹಳೇ ಅಡಾಪ್ಟರ್ ಎಸೆದು ಸ್ವಿಚಿಂಗ್‌ದು ತಗೊಳ್ಳಿ ಅಂತಿದ್ದೀರಿ. ಅಗ್ಗದ ಸ್ವಿಚಿಂಗ್ ಅಡಾಪ್ಟರ್ ಹಾಕಿದರೆ ಟಿವಿಯಲ್ಲಿ ತೆಳ್ಳಗೆ ಓರೆ ಗೆರೆ ಹರಿಯುತ್ತೆ, ಸ್ಪೀಕರ್‌ನಲ್ಲಿ ಕೀಯ್ ಅನ್ನುತ್ತೆ. ಗಾಳಿಪಟದಷ್ಟು ಹಗುರ ಇರುವ, ಯಾವ ದೇಶದ ಸುರಕ್ಷತಾ ಗುರುತೂ ಇಲ್ಲದ ಅಡಾಪ್ಟರ್‌ಗಳಲ್ಲಿ 230 ವೋಲ್ಟ್ ಕಡೆಗೂ ನಿಮ್ಮ ಕೈ ಮುಟ್ಟುವ ಕಡೆಗೂ ನಡುವೆ ಬಿಡಬೇಕಾದ ಅಂತರವನ್ನೇ ಬಿಟ್ಟಿರಲ್ಲ. ಕನ್ಸೋಲ್ ಸುಟ್ಟರೆ ಇನ್ನೊಂದು ತರಿಸಬಹುದು, ಇದು ಹಾಗಲ್ಲ. ಒರಿಜಿನಲ್ ಅಡಾಪ್ಟರ್ ಚೆನ್ನಾಗಿದ್ದರೆ ಸ್ಟೆಪ್‌ಡೌನ್ ಜೊತೆ ಅದನ್ನೇ ಬಳಸಿ.

ಸ್ಟೆಪ್‌ಡೌನ್ ತಗೊಳ್ಳುವಾಗ ಔಟ್‌ಪುಟ್ 100 ವೋಲ್ಟ್ ಇರೋದು ಕೇಳಿ. ಹೆಚ್ಚು ಸಿಗೋದು 110ರದ್ದು, ಅದು ಅಮೆರಿಕದ ಸಾಮಾನಿಗೆ ಸರಿ. ಪ್ರವಾಸಕ್ಕೆ ಅಂತ ಮಾರುವ ಬೆಂಕಿಪೊಟ್ಟಣದಂಥ ಕನ್ವರ್ಟರ್ ಬೇಡವೇ ಬೇಡ, ಅವುಗಳಲ್ಲಿ ಎಷ್ಟೋ ಬರೀ ಅಲೆಯನ್ನು ಕತ್ತರಿಸಿ ಕಳಿಸುತ್ತವೆ, ಹೇರ್ ಡ್ರೈಯರ್‌ಗೆ ಆಗಬಹುದು, ಕನ್ಸೋಲ್‌ಗೆ ಅಲ್ಲ. ಕೈಯಲ್ಲಿ ಎತ್ತಿದರೆ ಭಾರ ಇರಬೇಕು. ಇನ್ನು 50 ಹರ್ಟ್ಸ್, 60 ಹರ್ಟ್ಸ್ ಬಗ್ಗೆ ಜಪಾನ್ ಸಾಮಾನಿಗೆ ತಲೆಕೆಡಿಸಿಕೊಳ್ಳಬೇಡಿ. ಆ ದೇಶದಲ್ಲೇ ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಇರೋದರಿಂದ ಎರಡಕ್ಕೂ ಒಗ್ಗುವಂತೆ ಮಾಡಿರ್ತಾರೆ.

ಹಳೇಬೋರ್ಡ್

ಅಗ್ಗದ್ದು ಬೇಡ ಅನ್ನೋದು ಒಪ್ಪಿದೆ. ಆದರೆ ಒರಿಜಿನಲ್ ಅಡಾಪ್ಟರ್ ವಯಸ್ಸು ನೋಡಿ ಗುರೂ. ಫ್ಯಾಮಿಕಾಮ್ ಬಂದದ್ದು 1983ರಲ್ಲಿ. ವೈರ್ ಅಡಾಪ್ಟರ್‌ನಿಂದ ಹೊರಬರುವ ಜಾಗವನ್ನು ಮೆಲ್ಲಗೆ ಬಗ್ಗಿಸಿ, ರಬ್ಬರ್ ಗಟ್ಟಿಯಾಗಿ ಬಿರುಕು ಕಾಣಿಸಿದರೆ ಅಲ್ಲಿಗೆ ಮುಗೀತು. ಅದು ಚೆನ್ನಾಗಿದ್ದರೆ ರೇಖೆಗಾರರ ದಾರಿಯೂ ಸರಿಯೇ. ಯಾವುದನ್ನೇ ಹಾಕಿ, ಆಟ ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಕನ್ಸೋಲ್ ಸ್ವಿಚ್ ಆಫ್ ಮಾಡಿದರೂ ಅಡಾಪ್ಟರ್‌ಗೆ ಕರೆಂಟ್ ಹೋಗ್ತಾನೇ ಇರುತ್ತೆ.

ಪಿಕ್ಸೆಲ್‌ಪುಟ್ಟ

ಫ್ಯಾಮಿಕಾಮ್‌ಗೆ ಪೆಡಲ್ ಅಡಾಪ್ಟರ್, ಮೆಗಾ ಡ್ರೈವ್‌ಗೆ ಇಐಎಜೆ-03 ಅಂತ ತೀರ್ಮಾನ ಮಾಡಿದೆ. ಸ್ಯಾಟರ್ನ್ ಉಳೀತು. ಮನೆಯ ಟೇಪ್‌ರೆಕಾರ್ಡರ್‌ದು ಎಂಟರ ಆಕಾರದ ವೈರ್ ಇದೆ, ಅದು ಸ್ಯಾಟರ್ನ್ ಹಿಂದೆ ಸರಿಯಾಗಿ ಕೂರುತ್ತೆ...

ಕಾರ್ಟ್ರಿಜ್‌ಪ್ರೇಮಿ

ಮತ್ತೆ ಕೂರುತ್ತೆ ಅಂತೀರಲ್ಲ! ಬೇಡ. ಆ ವೈರ್ ಬರೀ ವೈರ್, ಗೋಡೆಯ 230ನ್ನು ಹಾಗೇ ಒಳಗೆ ಬಿಡುತ್ತೆ. ಸ್ಯಾಟರ್ನ್ ಮೇಲೆ ಎಸಿ 100 ವೋಲ್ಟ್ ಅಂತ ಬರೆದಿರುತ್ತೆ, ಹುಡುಕಿ. 230 ಎಸಿಯನ್ನು ಒಳಗೆ ಡಿಸಿ ಮಾಡಿದಾಗ 325 ವೋಲ್ಟ್ ಆಗುತ್ತೆ, 100 ವೋಲ್ಟ್ ಸಪ್ಲೈಗಳ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 200 ವೋಲ್ಟ್ ತಡೆಯುವಂಥದ್ದು. ಫ್ಯೂಸ್ ಹೋಗೋದರ ಜೊತೆಗೆ ಕೆಪಾಸಿಟರ್ ಸಿಡಿಯಲೂಬಹುದು. ಜಪಾನಿನ ಮೊದಲ ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್ ಕತೆಯೂ ಇದೇ. ಇವಕ್ಕೆ ಸ್ಟೆಪ್‌ಡೌನೇ ಬೇಕು. ಇವು ಹೆಚ್ಚು ವ್ಯಾಟ್ ಎಳೆಯಲ್ಲ, ಒಂದು ಕನ್ಸೋಲ್‌ಗೆ 100 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್‌ನ ಸಾಮರ್ಥ್ಯ) ಧಾರಾಳ. ಒಳಗಿನ ಸಪ್ಲೈ ಬೋರ್ಡನ್ನೇ ಬದಲಾಯಿಸುವವರೂ ಇದ್ದಾರೆ, ಆದರೆ ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ, ಗೊತ್ತಿಲ್ಲದೆ ಮುಚ್ಚಳ ತೆಗೆಯಬೇಡಿ.

ಮುಂದೆ ನಿಂಟೆಂಡೋ 64 ತರಿಸೋ ಯೋಚನೆ ಇದ್ದರೆ ಅದಕ್ಕೆ ಈ ತಾಪತ್ರಯ ಇಲ್ಲ. ಹಿಂದೆ ಸಿಕ್ಕಿಸುವ ಇಟ್ಟಿಗೆಯಂಥ ಸಪ್ಲೈ 3.3 ಮತ್ತು 12 ವೋಲ್ಟ್ ಎರಡೂ ಕೊಡುತ್ತೆ, ಯುರೋಪಿನ 230 ವೋಲ್ಟ್‌ದು ತಗೊಂಡು ಜಪಾನ್ ಕನ್ಸೋಲ್‌ಗೆ ಹಾಗೇ ಸಿಕ್ಕಿಸಬಹುದು.

ಪಿಕ್ಸೆಲ್‌ಪುಟ್ಟ

ಸರಿ, ಸ್ನೇಹಿತರ ಸ್ಟೆಪ್‌ಡೌನ್ ಮೇಲೆ 150 ವಿಎ ಅಂತ ಇದೆ. ಅದು ಸ್ಯಾಟರ್ನ್‌ಗೆ. ಅಣ್ಣನ ಎನ್‌ಇಎಸ್ ಅಡಾಪ್ಟರ್ ವಾಪಸ್ ಕೊಟ್ಟೆ, ಅದರ ಬೆನ್ನಲ್ಲೂ 120 ವೋಲ್ಟ್ 60 ಹರ್ಟ್ಸ್ ಅಂತಲೇ ಇದೆ. ಅವನು ಅದನ್ನು ಯಾವುದಕ್ಕೆ ಹಾಕ್ತಿದ್ದಾನೋ ಕೇಳಬೇಕು.